ಸವಿಯುವುದು ಕುಡಿಯುವುದಲ್ಲವೇ?

ಮದ್ಯಪಾನದ ವಿರುದ್ಧ ಜೈನ ಪತ್ರಿಕೆಯೊಂದರಲ್ಲಿ ಲೇಖನ ಬರೆಯುವುದು ಅನಾವಶ್ಯಕವೆಂದು ಕೆಲವು ವರ್ಷಗಳ ಹಿಂದೆ ನಾನೂ ಭಾವಿಸಿದ್ದೆ. ಅಷ್ಟಮೂಲಗುಣಗಳನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿಸಿದ ಮನೆಗಳಿಗೆ ಅಂಥ ಉಪದೇಶವೇಕೆ? ಆದರೆ ಇಂದು ನಮ್ಮ ಮುಂದೆ ಬಂದು ನಿಂತಿರುವವನು ಕುಡುಕನಲ್ಲ. ಅವನು ಸುಶಿಕ್ಷಿತ, ಸಂಭಾವಿತ, ದಾನಿ. ಅವನು ಹೇಳುವ ಮಾತೂ ಹೊಸದು: “ನಾನು ಕುಡಿಯುವುದಿಲ್ಲ, ಸವಿಯುತ್ತೇನೆ.” ಈ ಮಾತಿಗೆ ಉತ್ತರ ಕೊಡಲಾಗದೆ ನಮ್ಮ ಸಮಿತಿಗಳು ತಡವರಿಸುತ್ತಿರುವುದನ್ನು ಕಂಡು ಈ ಲೇಖನಕ್ಕೆ ಕೈಹಾಕಿದ್ದೇನೆ.

ಪ್ರಸಂಗ ನನ್ನ ಮನೆಯದೇ. ನನ್ನ ತಂಗಿಯ ಮಗ ಲಂಡನ್ನಿನಲ್ಲಿ ಉದ್ಯೋಗಿ. ಶುದ್ಧ ಸಸ್ಯಾಹಾರಿ, ದಶಲಕ್ಷಣ ಪರ್ವದಲ್ಲಿ ಏಕಾಶನ ಬಿಡದವನು. ನಮ್ಮ ಕಡೆಯ ಬಸದಿಯೊಂದರ ಜೀರ್ಣೋದ್ಧಾರ ಸಮಿತಿಗೆ ಅವನನ್ನು ಸೇರಿಸಿಕೊಳ್ಳಬೇಕೆಂಬ ವಿಚಾರ ಬಂದಾಗ ಸದಸ್ಯತ್ವದ ಅರ್ಜಿಯನ್ನು ಕಳುಹಿಸಿದರು. “ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಿರುತ್ತೇನೆ” ಎಂಬ ಸಾಲಿನ ಕೆಳಗೆ ಸಹಿ ಮಾಡಬೇಕು. ಅವನು ಸಹಿ ಮಾಡದೆ ನನ್ನನ್ನು ಕೇಳಿದ: “ಮಾವ, ವರ್ಷಕ್ಕೆ ನಾಲ್ಕಾರು ಸಲ ಸ್ನೇಹಿತರೊಡನೆ ಕುಳಿತು ಹಳೆಯ ಪೋರ್ಟ್ ವೈನ್‌ಗಳನ್ನು ಹೋಲಿಸಿ ನೋಡುತ್ತೇನೆ. ಬಾಯಿಗೆ ಹಾಕಿಕೊಂಡು ಉಗುಳುತ್ತೇವೆ. ಇದು ಮದ್ಯಪಾನವೇ? ನೀವೇ ಹೇಳಿ.” ಸಮಿತಿಯ ಹಿರಿಯರೊಬ್ಬರಿಗೆ ಇದು ತಿಳಿದಾಗ, “ಸಹಿ ಹಾಕಲಿ ಬಿಡಿ, ಅಷ್ಟು ದೂರದಲ್ಲಿ ಯಾರು ನೋಡುತ್ತಾರೆ?” ಎಂದರು. ಮತ್ತೊಬ್ಬರು “ತ್ಯಜಿಸಿರುತ್ತೇನೆ” ಎಂಬುದರ ಬದಲು “ಮದ್ಯವ್ಯಸನವಿಲ್ಲ” ಎಂದು ತಿದ್ದೋಣವೆಂದರು. ಅಳಿಯನ ಪ್ರಶ್ನೆಯಲ್ಲಿದ್ದ ಪ್ರಾಮಾಣಿಕತೆ ಈ ಎರಡು ಉತ್ತರಗಳಲ್ಲಿಯೂ ಇರಲಿಲ್ಲ. ಅವನ ಸಮ್ಮತಿ ಪಡೆದೇ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇನೆ.

ಕಾಣದುದನ್ನು ಖಂಡಿಸಬಾರದು. 2023ರಲ್ಲಿ ನಾನು ಲಂಡನ್ನಿಗೆ ಹೋಗಿದ್ದಾಗ ಅವನು ತನ್ನ ಗೆಳೆಯರೊಡನೆ ಪೋರ್ಚುಗಲ್ಲಿಗೆ ಹೊರಟಿದ್ದ, ನನ್ನನ್ನೂ ಕರೆದೊಯ್ದ. ಪೋರ್ಟೊ ನಗರದ ಎದುರು ದಡದಲ್ಲಿ, ಡೌರೊ ನದಿಯ ದಕ್ಷಿಣಕ್ಕೆ, ವಿಲಾ ನೋವಾ ದ ಗಾಯಾ ಎಂಬ ಊರಿದೆ. ಇಳಿಜಾರಿನ ತುಂಬ ಕೆಂಪು ಹೆಂಚಿನ ಉದ್ದುದ್ದ ಉಗ್ರಾಣಗಳು. ಒಳಗೆ ತಂಪು, ಮಬ್ಬುಗತ್ತಲೆ, ಸಾಲುಸಾಲಾಗಿ ಮರದ ಪೀಪಾಯಿಗಳು. ನದಿಯ ಮೇಲ್ಭಾಗದ ಬೆಟ್ಟಗಳಲ್ಲಿ ಬೆಳೆದ ದ್ರಾಕ್ಷಿಯಿಂದಾದ ಮದ್ಯ ಇಲ್ಲಿ ಹತ್ತಾರು ವರ್ಷ ಕೂಡಿಟ್ಟಿರುತ್ತದೆ. ಆ ಬೆಟ್ಟಸೀಮೆಯ ಎಲ್ಲೆಗಳನ್ನು ಪೋರ್ಚುಗಲ್ಲಿನ ಮಂತ್ರಿ ಪೊಂಬಾಲ್ 1756ರಲ್ಲಿಯೇ ಗೊತ್ತುಪಡಿಸಿದ.

ಅಂದು ಮೇಜಿನ ಮೇಲೆ ನಾಲ್ಕು ಲೋಟಗಳಿದ್ದವು: 10, 20, 30, 40 ವರ್ಷಗಳ ‘ಟಾನಿ’ ಪೋರ್ಟ್. ಪೀಪಾಯಿಯ ಮರದ ಮೂಲಕ ಸ್ವಲ್ಪಸ್ವಲ್ಪವೇ ಗಾಳಿ ತಾಗಿ, ಮೂಲದ ಕಡುಗೆಂಪು ಬಣ್ಣ ಇಳಿದು ಕಪಿಲವರ್ಣಕ್ಕೆ ತಿರುಗುವುದರಿಂದ ಆ ಹೆಸರು. ಹತ್ತು ವರ್ಷದ್ದರಲ್ಲಿ ಇನ್ನೂ ಕೆಂಪಿನ ಛಾಯೆ. ನಲವತ್ತರದ್ದು ಹಳೆಯ ಜೇನಿನ ಬಣ್ಣ, ಅಂಚಿನಲ್ಲಿ ಒಂದಿಷ್ಟು ಹಸಿರು. ಶೀಶೆಯ ಮೇಲಿನ ಅಂಕೆ ಒಂದೇ ವರ್ಷದ ಬೆಳೆಯನ್ನು ಸೂಚಿಸುವುದಿಲ್ಲವೆಂದು ಅಳಿಯ ವಿವರಿಸಿದ. ಅದು ನಾನಾ ವರ್ಷಗಳ ಮದ್ಯಗಳ ಮಿಶ್ರಣ. ಅದರಲ್ಲಿ ಆ ವಯಸ್ಸಿಗೆ ತಕ್ಕ ಗುಣವಿದೆಯೆಂದು ಅಲ್ಲಿನ ಸರ್ಕಾರಿ ಸಂಸ್ಥೆಯ ಪರೀಕ್ಷಕರು ಸವಿದು ಒಪ್ಪಬೇಕು. ಒಂದೇ ವರ್ಷದ ಬೆಳೆಯದಾದರೆ ಅದಕ್ಕೆ ‘ಕೊಲ್ಯೇಟಾ’ ಎಂದು ಹೆಸರು. ಅದು ಕನಿಷ್ಠ ಏಳು ವರ್ಷ ಮರದಲ್ಲಿರಬೇಕು.

ಗೆಳೆಯರು ಎಳೆಯದರಿಂದ ಹಳೆಯದಕ್ಕೆ ಕ್ರಮವಾಗಿ ಸಾಗಿದರು. ಬಿಳಿಯ ಕಾಗದದ ಮುಂದೆ ಲೋಟ ಹಿಡಿದು ಬಣ್ಣ ನೋಡಿದರು, ಮೂಸಿದರು, ಗುಟುಕನ್ನು ನಾಲಗೆಯ ಮೇಲೆ ಹೊರಳಿಸಿದರು. ಅಕ್ರೋಟು, ಒಣ ಅಂಜೂರ, ಕಿತ್ತಳೆಯ ಸಿಪ್ಪೆ, ಕಾಯಿಸಿದ ಸಕ್ಕರೆ ಎಂದು ಬರೆದುಕೊಂಡರು. ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ, ಯಾರೂ ಅಸಭ್ಯವಾಗಿ ವರ್ತಿಸಲಿಲ್ಲ. ನನ್ನ ಮುಂದೆ ನೀರಿನ ಲೋಟವಿತ್ತು. ಅವರ ಏಕಾಗ್ರತೆಯನ್ನು ನೋಡಿ, ನಮ್ಮ ಶಾಸ್ತ್ರಸಭೆಗಳಲ್ಲಿ ಇದರ ಅರ್ಧದಷ್ಟು ಗಮನವಿದ್ದರೆ ಸಾಕಲ್ಲವೇ ಎಂದೆನಿಸಿದ್ದನ್ನು ಮುಚ್ಚಿಡಲಾರೆ. ಪಕ್ಕದ ಲೋಟದಿಂದ ತೇಲಿಬಂದ ಪರಿಮಳ ನನಗೂ ಹಿತವೆನಿಸಿತು. ಇದನ್ನು ಹೇಳದೆ ಮುಂದಿನ ಮಾತುಗಳನ್ನಾಡುವುದು ಮಾಯಾಚಾರವಾದೀತು.

ಆದರೆ ಮೇಜಿನ ನಡುವೆ ಉಗುಳುವುದಕ್ಕೆಂದು ಒಂದು ಪಾತ್ರೆಯಿತ್ತು. ನಾನು ಅದನ್ನೇ ಗಮನಿಸುತ್ತಿದ್ದೆ. ಹತ್ತು ವರ್ಷದ್ದನ್ನು ಎಲ್ಲರೂ ಉಗುಳಿದರು. ಇಪ್ಪತ್ತರದ್ದನ್ನು ಕೆಲವರು ಉಗುಳಿದರು. ಮೂವತ್ತರದ್ದನ್ನು ಒಬ್ಬನು ಉಗುಳಿದ. ನಲವತ್ತರದ್ದನ್ನು ಯಾರೂ ಉಗುಳಲಿಲ್ಲ. ನನ್ನ ಅಳಿಯನೂ ಉಗುಳಲಿಲ್ಲ.

ಹೊರಗೆ ಬಂದಾಗ ಕೇಳಿದೆ. “ಅಂಥದ್ದನ್ನು ಹೇಗೆ ಉಗುಳುವುದು, ಮಾವ?” ಎಂದ. ವಾದವೆಲ್ಲ ಈ ಒಂದು ಮಾತಿನಲ್ಲಿ ಮುಗಿಯಿತೆಂದು ನನ್ನ ಅಭಿಪ್ರಾಯ. ಎಲ್ಲಿಯವರೆಗೆ ವಸ್ತು ಸಾಧಾರಣವೋ ಅಲ್ಲಿಯವರೆಗೆ ನಿಯಮವಿತ್ತು. ವಸ್ತು ಅಪೂರ್ವವಾದೊಡನೆ ನಿಯಮ ಕಳಚಿಬಿತ್ತು. ಬೇಡದುದನ್ನು ಬಿಡುವುದು ತ್ಯಾಗವಲ್ಲವೆಂಬುದನ್ನು ಜೈನರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ನಾಲಗೆ ಹಾತೊರೆಯುವ ವಸ್ತುವಿನ ಮುಂದೆಯೇ ವ್ರತದ ಪರೀಕ್ಷೆ.

ಒಂದು ವೇಳೆ ನಾಲ್ಕನ್ನೂ ಉಗುಳಿದ್ದರೆ? ಆಗಲೂ ಪ್ರಶ್ನೆ ಮುಗಿಯುವುದಿಲ್ಲ. ಹಿಂಸೆಯನ್ನು ನಮ್ಮ ಆಚಾರ್ಯರು ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಹಣ ತೆತ್ತು ಕೊಳ್ಳುವವನು ಮಾಡಿಸಿದವನಾಗುತ್ತಾನೆ. ಗುಣಗಾನ ಮಾಡಿ ಟಿಪ್ಪಣಿ ಬರೆಯುವವನು ಅನುಮೋದಿಸಿದವನಾಗುತ್ತಾನೆ. ಗಂಟಲಿಗೆ ಇಳಿಸಲಿಲ್ಲವೆಂಬ ಸಮಾಧಾನ ಈ ಎರಡರಿಂದ ಅವನನ್ನು ಬಿಡಿಸಲಾರದು.

ಇಲ್ಲಿ ಹಿಂಸೆ ಎಲ್ಲಿದೆಯೆಂದು ಕೇಳುವವರು ಪೋರ್ಟ್ ವೈನ್ ತಯಾರಾಗುವ ಬಗೆಯನ್ನು ತಿಳಿಯಬೇಕು. ದ್ರಾಕ್ಷಿಯನ್ನು ಹಿಂದೆ ಕಲ್ಲಿನ ತೊಟ್ಟಿಗಳಲ್ಲಿ ಕಾಲಿನಿಂದ ತುಳಿಯುತ್ತಿದ್ದರು. ಕೆಲವೆಡೆ ಇಂದಿಗೂ ತುಳಿಯುತ್ತಾರೆ. ರಸದಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಅಸಂಖ್ಯವಾಗಿ ವೃದ್ಧಿಯಾಗಿ ಸಕ್ಕರೆಯನ್ನು ತಿಂದು ಮದ್ಯಸಾರವನ್ನಾಗಿಸುತ್ತವೆ. ಎರಡು ಮೂರು ದಿನಗಳಲ್ಲಿ, ಸಕ್ಕರೆ ಇನ್ನೂ ಅರ್ಧದಷ್ಟು ಉಳಿದಿರುವಾಗಲೇ, ಸುಮಾರು 435 ಲೀಟರ್ ರಸಕ್ಕೆ 115 ಲೀಟರಿನಂತೆ ಶೇಕಡಾ 77ರಷ್ಟು ಮದ್ಯಸಾರವುಳ್ಳ ದ್ರಾಕ್ಷಿಯ ಬ್ರಾಂದಿಯನ್ನು ಸುರಿಯುತ್ತಾರೆ. ಏತಕ್ಕೆ? ಆ ಜೀವಿಗಳನ್ನು ಕೊಲ್ಲುವುದಕ್ಕೆ. ಅವು ಬದುಕಿದ್ದರೆ ಉಳಿದ ಸಕ್ಕರೆಯನ್ನೂ ತಿಂದುಬಿಡುತ್ತವೆ. ಸತ್ತರೆ ಸಿಹಿ ಉಳಿಯುತ್ತದೆ. ಪೋರ್ಟಿನ ಪ್ರಸಿದ್ಧವಾದ ಸಿಹಿಯ ಮೂಲ ಇದೇ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಮದ್ಯವು ಬಹು ಜೀವೋತ್ಪತ್ತಿಯ ಸ್ಥಾನವಾದುದರಿಂದ ಅದರ ಸೇವನೆಯಲ್ಲಿ ಹಿಂಸೆ ಅನಿವಾರ್ಯವೆಂದು ನಿರೂಪಿಸಿದರು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಅವರು ಹೇಳಿದ್ದು ಡೌರೊ ಕಣಿವೆಯ ತೊಟ್ಟಿಯಲ್ಲಿ ಪ್ರತಿ ಸುಗ್ಗಿಯಲ್ಲೂ ನಡೆಯುತ್ತಿದೆ. ಇದಲ್ಲದೆ ವೈನನ್ನು ತಿಳಿಗೊಳಿಸಲು ಜೆಲಟಿನ್, ಮೊಟ್ಟೆಯ ಬಿಳಿ ಮೊದಲಾದ ಪ್ರಾಣಿಜನ್ಯ ವಸ್ತುಗಳನ್ನು ಬಳಸುವ ಪದ್ಧತಿಯೂ ಆ ಉದ್ಯಮದಲ್ಲಿದೆ. ಎಲ್ಲರೂ ಬಳಸುತ್ತಾರೆಂದು ನಾನು ಹೇಳುವುದಿಲ್ಲ. ಲೋಟ ನೋಡಿ ಅದನ್ನು ಕಂಡುಹಿಡಿಯುವ ಉಪಾಯವಿಲ್ಲವೆಂದಷ್ಟೇ ಹೇಳುತ್ತೇನೆ.

“ಇಡ್ಲಿಯ ಹಿಟ್ಟು ಹುದುಗುವುದಿಲ್ಲವೇ?” ಎಂಬ ಆಕ್ಷೇಪ ಕೂಡಲೇ ಬರುತ್ತದೆ. ಹೌದು, ಹುದುಗುತ್ತದೆ. ನಿಷ್ಠಾವಂತ ವ್ರತಿಗಳು ಅದನ್ನೂ ಬಿಟ್ಟಿದ್ದಾರೆ. ನಾವು ಬಿಡದಿರುವುದು ನಮ್ಮ ಶೈಥಿಲ್ಯ. ಒಂದು ಶೈಥಿಲ್ಯ ಮತ್ತೊಂದಕ್ಕೆ ಪ್ರಮಾಣಪತ್ರವಾಗಲಾರದು. ಅಲ್ಲದೆ ಇಡ್ಲಿಯನ್ನು ಹಸಿವೆಗಾಗಿ ತಿನ್ನುತ್ತೇವೆ. ಅದು ಬುದ್ಧಿಯನ್ನು ಮಂಕುಗೊಳಿಸುವುದಿಲ್ಲ. ಮದ್ಯತ್ಯಾಗ ಶ್ರಾವಕನ ಮೂಲಗುಣ. ಸಮಂತಭದ್ರಾಚಾರ್ಯರು ‘ರತ್ನಕರಂಡ ಶ್ರಾವಕಾಚಾರ’ದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಪಂಚಾಣುವ್ರತಗಳ ಜೊತೆಗೇ ಎಣಿಸಿದ್ದಾರೆ. ಬುನಾದಿಯ ಕಲ್ಲನ್ನು ಕಿತ್ತು, ಗೋಡೆಯಲ್ಲಿಯೂ ಬಿರುಕಿದೆಯಲ್ಲ ಎಂದು ವಾದಿಸಬಾರದು.

ನಮ್ಮ ಅಜ್ಜಿಯರು ಮೊಸರಿಗೂ ಉಪ್ಪಿನಕಾಯಿಗೂ ಕಾಲಮರ್ಯಾದೆಯನ್ನು ಪಾಲಿಸುತ್ತಿದ್ದರು. ಹೆಪ್ಪು ಹಾಕಿದ ಹೊತ್ತನ್ನು ನೆನಪಿಟ್ಟು, ಅವಧಿ ಮೀರಿದುದನ್ನು ಬಡಿಸುತ್ತಿರಲಿಲ್ಲ. ಅಂಥ ಮನೆಯ ಮೊಮ್ಮಗ ಇಂದು ನಲವತ್ತು ವರ್ಷ ಇಟ್ಟದ್ದೆಂಬ ಕಾರಣಕ್ಕೇ ಒಂದು ರಸವನ್ನು ಪೂಜ್ಯವೆಂಬಂತೆ ಕೈಗೆತ್ತಿಕೊಳ್ಳುತ್ತಾನೆ. ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಆವಿಯಾಗುತ್ತದಂತೆ. ಲೆಕ್ಕ ಹಾಕಿದರೆ 550 ಲೀಟರಿನಲ್ಲಿ ನಲವತ್ತು ವರ್ಷಕ್ಕೆ ಉಳಿಯುವುದು 245 ಲೀಟರಿನ ಆಸುಪಾಸು. ಈ ನಷ್ಟಕ್ಕೆ ಅಲ್ಲಿಯವರು ದೇವದೂತರ ಪಾಲೆಂದು ಚಂದದ ಹೆಸರಿಟ್ಟಿದ್ದಾರೆ. ಅರ್ಧಕ್ಕಿಂತ ಹೆಚ್ಚು ಆವಿಯಾದರೂ ಆಸೆ ಮಾತ್ರ ಆವಿಯಾಗುವುದಿಲ್ಲ. ಉಳಿದುದರ ಬೆಲೆಯೊಡನೆ ಅದೂ ಏರುತ್ತದೆ.

ವಿದ್ಯಾವಂತರು ಮತ್ತೊಂದು ವಾದವನ್ನು ಮುಂದಿಡುತ್ತಾರೆ: ಇದು ಅಮಲಿಗಾಗಿ ಅಲ್ಲ, ಜ್ಞಾನಕ್ಕಾಗಿ; ಮಿತವಾಗಿದ್ದರೆ ದೋಷವೇನು? ಮಿತದ ಲೆಕ್ಕವನ್ನೇ ಮೊದಲು ಮಾಡೋಣ. ಪೋರ್ಟಿನಲ್ಲಿ ಸುಮಾರು ಶೇಕಡಾ 20ರಷ್ಟು ಮದ್ಯಸಾರವಿದೆ. ಐವತ್ತು ಮಿಲಿಲೀಟರಿನ ನಾಲ್ಕು ಲೋಟಗಳು ಒಳಗಿಳಿದರೆ ನಲವತ್ತು ಮಿಲಿಲೀಟರ್ ಶುದ್ಧ ಮದ್ಯಸಾರ, ಅಂದರೆ ಮೂವತ್ತು ಗ್ರಾಮಿಗೂ ಮಿಗಿಲು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಆರೋಗ್ಯಕ್ಕೆ ನಿರಪಾಯವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು. ಯಕೃತ್ತು ಅಭಿರುಚಿಯ ಭೇದವನ್ನು ಅರಿಯದು.

ಇನ್ನು ಜ್ಞಾನದ ಮಾತು. ಜೋಸೆಫ್ ಜೇಮ್ಸ್ ಫಾರೆಸ್ಟರ್ ಎಂಬ ಇಂಗ್ಲಿಷ್ ವ್ಯಾಪಾರಿ ಇದೇ ಪೋರ್ಟಿನ ವಹಿವಾಟು ನಡೆಸಿದವನು. ಆ ನದಿಯ ನಕ್ಷೆ ಬರೆದವನು. 1861ರಲ್ಲಿ ಅದೇ ನದಿಯಲ್ಲಿ ಮುಳುಗಿ ಸತ್ತವನು. ವೈನಿಗೆ ಬ್ರಾಂದಿ ಬೆರೆಸುವುದು ಕಲಬೆರಕೆಯೆಂದು ಅವನು 1844ರಲ್ಲಿ ಕಿರುಹೊತ್ತಗೆ ಬರೆದು ವಾದಿಸಿದ. ಅವನ ಮಾತು ನಡೆಯಲಿಲ್ಲ. ಕೊಳ್ಳುವವರ ನಾಲಗೆ ಸಿಹಿಗೂ ತೀಕ್ಷ್ಣತೆಗೂ ಒಗ್ಗಿಹೋಗಿತ್ತು, ನಾಲಗೆಯೇ ಗೆದ್ದಿತು. ರುಚಿಯನ್ನು ಸಾಕಿ ಬೆಳೆಸಿದ ಮೇಲೆ ಅದು ಬುದ್ಧಿಯ ಮಾತನ್ನು ಕೇಳುವುದಿಲ್ಲವೆಂಬುದಕ್ಕೆ ಆ ವ್ಯಾಪಾರದ ಇತಿಹಾಸವೇ ಸಾಕ್ಷಿ.

ರುಚಿಯ ಜ್ಞಾನ ನಮ್ಮಲ್ಲಿಯೂ ಇದೆ. ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವೂ ಒಂದು. ತುಪ್ಪ, ಹಾಲು, ಮೊಸರು, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಒಂದನ್ನು ಒಂದು ದಿನ ಬಿಟ್ಟು ಉಂಡವನಿಗೆ ನಾಲಗೆ ಎಲ್ಲಿ ಹಟ ಹಿಡಿಯುತ್ತದೆಂದು ತಿಳಿಯುತ್ತದೆ. ಅದೂ ಸೂಕ್ಷ್ಮ ಗಮನವನ್ನು ಬೇಡುವ ಅಭ್ಯಾಸವೇ. ಗಾಯಾದ ಮೇಜಿನ ಮುಂದೆ ಕಂಡ ಏಕಾಗ್ರತೆ ಹೊರಗಿನ ವಸ್ತುವಿನ ಭೇದಗಳನ್ನು ಎಣಿಸುತ್ತಿತ್ತು. ರಸಪರಿತ್ಯಾಗದ ಏಕಾಗ್ರತೆ ತನ್ನೊಳಗಿನ ರಾಗವನ್ನು ಗುರುತಿಸುತ್ತದೆ. ಗೆಳೆತನ ಬೇಕು, ಅಭಿರುಚಿ ಬೇಕು ಎನ್ನುವ ತರುಣರನ್ನು ನಾನು ಹಳಿಯುವುದಿಲ್ಲ. ಅವರಿಗೆ ಒಟ್ಟಿಗೆ ಕೂರಲು ನಾವು ಬೇರೇನು ಕೊಟ್ಟಿದ್ದೇವೆಂಬ ಪ್ರಶ್ನೆಯನ್ನು ಹಿರಿಯರು ತಮಗೆ ತಾವೇ ಹಾಕಿಕೊಳ್ಳಬೇಕು.

ಕೊನೆಯದಾಗಿ ಬಸದಿಗಳ ಧರ್ಮದರ್ಶಿಗಳಲ್ಲಿ ನನ್ನ ವಿನಂತಿ. ಆ ಸಾಲನ್ನು ತಿದ್ದಬೇಡಿ. ದೊಡ್ಡ ದೇಣಿಗೆಗಾಗಿ ಇಂದು “ವ್ಯಸನವಿಲ್ಲ” ಎಂದು ಬರೆದರೆ ನಾಳೆ ಮಾಂಸಕ್ಕೂ ಅಂಥದೇ ಒಂದು ಪದ ಸಿಗುತ್ತದೆ. ಪ್ರಶ್ನೆ ಕೇಳಿದ ಹುಡುಗನನ್ನು ಅವಮಾನಿಸಲೂ ಬೇಡಿ. ಮದುವೆಯ ಆರತಕ್ಷತೆಗಳಲ್ಲಿ ಮರೆಯಲ್ಲಿ ಲೋಟ ಹಿಡಿದು, ಬೆಳಿಗ್ಗೆ ಅಭಿಷೇಕಕ್ಕೆ ಮುಂದೆ ನಿಲ್ಲುವವರು ನಮ್ಮಲ್ಲಿ ಇಲ್ಲವೇ? ಸುಳ್ಳು ಸಹಿ ಹಾಕಲೊಲ್ಲದೆ ಕೇಳಿದವನು ಅವರಿಗಿಂತ ವ್ರತಕ್ಕೆ ಹತ್ತಿರದಲ್ಲಿದ್ದಾನೆ. ಅವನಿಗೆ ಬೇಕಾದುದು ರಿಯಾಯಿತಿಯಲ್ಲ, ನೇರವಾದ ಉತ್ತರ.

ನಾನು ಅವನಿಗೆ ಬರೆದ ಉತ್ತರ ಚಿಕ್ಕದು: “ಸವಿಯುವುದೂ ಕುಡಿಯುವುದೇ, ಮಗು. ನಲವತ್ತು ವರ್ಷದ್ದನ್ನು ಮೂಸಿಯೂ ಮುಟ್ಟದೆ ಕೆಳಗಿಡಬಲ್ಲೆನೆಂದು ನಿನಗೆ ಅನ್ನಿಸಿದ ದಿನ ಸಹಿ ಮಾಡು. ಅಲ್ಲಿಯವರೆಗೆ ಅರ್ಜಿ ನಿನ್ನ ಹತ್ತಿರವೇ ಇರಲಿ.” ಅವನು ಸಹಿ ಮಾಡಿಲ್ಲ, ಅರ್ಜಿಯನ್ನು ಹಿಂದಿರುಗಿಸಿಯೂ ಇಲ್ಲ. ಸಮಿತಿಯಲ್ಲಿ ಆ ಸ್ಥಾನವನ್ನು ಖಾಲಿ ಇಡಬೇಕೆಂದು ನಾನು ಕೋರಿದ್ದೇನೆ.