ಸತ್ತ ಕಾಯ್ದೆಗೆ ಮತ್ತೆ ಜೀವ ಕೊಡಬೇಡಿ

ಕೈಕಾಲಿಗೆ ಸರಪಳಿ ಬಿಗಿದ ವೆನೆಜುವೆಲಾದ ಯುವಕರನ್ನು ಎಲ್ ಸಾಲ್ವಡಾರ್‌ನ ‘ಸೆಕಾಟ್’ ಜೈಲಿಗೆ ಎಳೆತಂದು, ಮಂಡಿಯೂರಿಸಿ ತಲೆ ಬೋಳಿಸುವ ವಿಡಿಯೊವನ್ನು 2025ರ ಮಾರ್ಚ್‌ನಲ್ಲಿ ನಾವೆಲ್ಲ ನೋಡಿದ್ದೇವೆ. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಗಡೀಪಾರು ಮಾಡಲು ಟ್ರಂಪ್ ಸರ್ಕಾರ ಬಳಸಿದ್ದು 1798ರ ಏಲಿಯನ್ ಎನಿಮೀಸ್ ಆಕ್ಟ್, ಅಂದರೆ ಶತ್ರುದೇಶದ ಪ್ರಜೆಗಳ ಕಾಯ್ದೆ. ವಿಚಾರಣೆ ನಡೆಯಲಿಲ್ಲ. ವಕೀಲರನ್ನು ಕಾಣಲು ಬಿಡಲಿಲ್ಲ. ವಿಮಾನಗಳನ್ನು ವಾಪಸ್ ಕರೆಸಿ ಎಂದು ವಾಷಿಂಗ್ಟನ್‌ನ ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಹೇಳಿದ ಮೇಲೂ ಅವು ಹಿಂದಿರುಗಲಿಲ್ಲ.

ಇದನ್ನು ಸಮರ್ಥಿಸುವವರು ಮೊದಲು ಎತ್ತುವುದು ಇತಿಹಾಸದ ಮಾತು. ದೇಶ ಕಟ್ಟಿದ ಹಿರಿಯರೇ ಮಾಡಿದ ಕಾನೂನಿದು, ಅಧ್ಯಕ್ಷ ಜಾನ್ ಆಡಮ್ಸ್ ಸಹಿ ಹಾಕಿದ್ದು, ಇನ್ನೂರು ವರ್ಷದಿಂದ ಜಾರಿಯಲ್ಲಿದೆ, ಇದರಲ್ಲಿ ತಪ್ಪೇನು ಎಂಬುದು ಅವರ ವಾದ. ಅಮೆರಿಕದಲ್ಲಿರುವ ನಮ್ಮ ಕನ್ನಡಿಗರಲ್ಲಿ ಕೆಲವರೂ ಇದನ್ನೇ ಹೇಳುವುದನ್ನು ಕೇಳಿದ್ದೇನೆ. ಆ ಇತಿಹಾಸವನ್ನೇ ಸ್ವಲ್ಪ ಬಿಡಿಸಿ ನೋಡೋಣ.

1798ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಇನ್ನೇನು ಬಂತು ಎಂಬ ಭೀತಿ ಇತ್ತು. ವಾಕ್ ಸ್ವಾತಂತ್ರ್ಯವನ್ನೂ ನ್ಯಾಯಯುತ ವಿಚಾರಣೆಯ ಹಕ್ಕನ್ನೂ ಸಂವಿಧಾನದಲ್ಲಿ ಸೇರಿಸಿ ಆಗಿನ್ನೂ ಏಳು ವರ್ಷ ತುಂಬಿರಲಿಲ್ಲ. ಆಡಮ್ಸ್ ಅವರ ಫೆಡರಲಿಸ್ಟ್ ಪಕ್ಷ ಆ ಬೇಸಿಗೆಯಲ್ಲಿ ಒಂದರ ಹಿಂದೊಂದು ನಾಲ್ಕು ಕಾಯ್ದೆ ತಂದಿತು. ಒಂದು, ಪೌರತ್ವಕ್ಕೆ ಕಾಯಬೇಕಾದ ಅವಧಿಯನ್ನು 5 ವರ್ಷದಿಂದ 14 ವರ್ಷಕ್ಕೆ ಏರಿಸಿತು. ಸೆಡಿಷನ್ ಆಕ್ಟ್ ಸರ್ಕಾರದ ಟೀಕೆಯನ್ನೇ ಅಪರಾಧ ಮಾಡಿತು. ವರ್ಮಾಂಟ್‌ನ ಸಂಸದ ಮ್ಯಾಥ್ಯೂ ಲಯನ್, ಅಧ್ಯಕ್ಷರಿಗೆ ಆಡಂಬರದ ಹುಚ್ಚು ಹಿಡಿದಿದೆ ಎಂಬರ್ಥದಲ್ಲಿ ಪತ್ರಿಕೆಗೆ ಬರೆದದ್ದಕ್ಕೆ 1,000 ಡಾಲರ್ ದಂಡ, ನಾಲ್ಕು ತಿಂಗಳ ಸೆರೆ. ಚಳಿಗಾಲವನ್ನು ವರ್ಜೆನ್ಸ್ ಊರಿನ ಜೈಲಿನಲ್ಲಿ ಕಳೆದ ಆತನನ್ನು ಕ್ಷೇತ್ರದ ಜನ ಅಲ್ಲಿಂದಲೇ ಮತ್ತೆ ಗೆಲ್ಲಿಸಿ ಕಳಿಸಿದರು.

ಉಳಿದ ಎರಡು ವಿದೇಶೀಯರ ಕುರಿತವು. ಇವೆರಡರ ನಡುವಿನ ವ್ಯತ್ಯಾಸದಲ್ಲೇ ಈಗಿನ ವಿವಾದದ ತಿರುಳಿದೆ. ಏಲಿಯನ್ ಫ್ರೆಂಡ್ಸ್ ಆಕ್ಟ್ ಶಾಂತಿಕಾಲದ್ದು. ಯಾವುದೇ ದೇಶದ ಯಾರನ್ನೇ ಆಗಲಿ, ಅಪಾಯಕಾರಿ ಎಂದು ಅಧ್ಯಕ್ಷರಿಗೆ ಅನ್ನಿಸಿದರೆ ಸಾಕು, ದೇಶ ಬಿಡಿಸಬಹುದಿತ್ತು. ಏಲಿಯನ್ ಎನಿಮೀಸ್ ಆಕ್ಟ್ ಹಾಗಲ್ಲ. ಘೋಷಿತ ಯುದ್ಧ ಇರಬೇಕು, ಇಲ್ಲವೇ ಪರದೇಶವೊಂದು ಅಥವಾ ಅದರ ಸರ್ಕಾರ ದಾಳಿ ಮಾಡಿರಬೇಕು, ಮಾಡುವ ಬೆದರಿಕೆಯಾದರೂ ಹಾಕಿರಬೇಕು. ಯುದ್ಧಕ್ಕೆ ಕಟ್ಟುಹಾಕಿದ ಕಾಯ್ದೆಯಾದ್ದರಿಂದಲೇ ಎದುರು ಪಕ್ಷದ ಜೆಫರ್ಸನ್ ಮತ್ತು ಮ್ಯಾಡಿಸನ್ ಕಡೆಯವರು ಇದನ್ನು ಅಷ್ಟಾಗಿ ವಿರೋಧಿಸಲಿಲ್ಲ. ಅವರು ತಿರುಗಿಬಿದ್ದದ್ದು ಮೊದಲನೆಯದರ ಮೇಲೆ.

ಅದಕ್ಕೆ ಕಾರಣವೂ ಇತ್ತು. ಮೊರೊ ದ ಸೇಂಟ್-ಮೆರಿ ಎಂಬ ವಿದ್ವಾಂಸ ಫ್ರಾನ್ಸಿನ ಕ್ರಾಂತಿಯ ಕತ್ತಿಯಿಂದ ತಪ್ಪಿಸಿಕೊಂಡು ಬಂದು ಫಿಲಡೆಲ್ಫಿಯಾದಲ್ಲಿ ಪುಸ್ತಕದ ಅಂಗಡಿ ಇಟ್ಟಿದ್ದ. ಗಡೀಪಾರಿನ ಪಟ್ಟಿಯಲ್ಲಿ ಅವನ ಹೆಸರೂ ಸೇರಿತು. ಯಾಕೆಂದು ವಿಚಾರಿಸಿದಾಗ, ವಿಶೇಷ ಕಾರಣವೇನಿಲ್ಲ, ಆತ ತೀರಾ ಫ್ರೆಂಚ್ ಎಂಬರ್ಥದ ಉತ್ತರ ಆಡಮ್ಸ್‌ರಿಂದ ಬಂತಂತೆ. ಅದನ್ನು ಮೊರೊ ತಾನೇ ಬರೆದಿಟ್ಟಿದ್ದಾನೆ. ಆತ ಹಡಗು ಹತ್ತಿ ಹೊರಟುಹೋದ. ಫ್ರೆಂಡ್ಸ್ ಆಕ್ಟ್ ಅಡಿ ವಿಧ್ಯುಕ್ತವಾಗಿ ಒಬ್ಬರನ್ನೂ ಹೊರಗೆ ಹಾಕಲಿಲ್ಲ. ಹೆದರಿಕೆಯೇ ಆ ಕೆಲಸ ಮಾಡಿತು. 1800ರಲ್ಲಿ ವರ್ಜೀನಿಯಾ ಶಾಸನಸಭೆಗೆ ಕೊಟ್ಟ ವರದಿಯಲ್ಲಿ ಮ್ಯಾಡಿಸನ್ ಇದಕ್ಕೆ ನೇರ ಉತ್ತರ ಕೊಟ್ಟರು: ಪರದೇಶದವನು ಇಲ್ಲಿನ ಕಾನೂನಿಗೆ ತಲೆಬಾಗಿ ನಡೆಯುವಾಗ ಆ ಕಾನೂನಿನ ರಕ್ಷಣೆಯೂ ಅವನಿಗೆ ಸಲ್ಲಬೇಕು. ಅದೇ ವರ್ಷ ಕಾಯ್ದೆಯ ಅವಧಿ ಮುಗಿಯಿತು, ಆಡಮ್ಸ್ ಚುನಾವಣೆ ಸೋತರು. ಮರುವರ್ಷ ಸೆಡಿಷನ್ ಆಕ್ಟ್ ಕೂಡ ಹೋಯಿತು. ಅಂತಿಮ ಗಡುವಿಲ್ಲದ ಎನಿಮೀಸ್ ಆಕ್ಟ್ ಮಾತ್ರ ಉಳಿದುಕೊಂಡಿತು.

ಟ್ರಂಪ್ ಸರ್ಕಾರ ಮಾಡಿದ್ದು ಉಳಿದ ಕಾಯ್ದೆಯ ಹೆಸರಿನಲ್ಲಿ ಸತ್ತ ಕಾಯ್ದೆಯ ಕೆಲಸ. ಎನಿಮೀಸ್ ಆಕ್ಟ್ ಅದಕ್ಕೆ ಮೊದಲು ಬಳಕೆಯಾದದ್ದು ಮೂರೇ ಬಾರಿ: 1812ರ ಯುದ್ಧ ಮತ್ತು ಎರಡು ಮಹಾಯುದ್ಧಗಳಲ್ಲಿ. ಮೂರೂ ಘೋಷಿತ ಯುದ್ಧಗಳು. ವೆನೆಜುವೆಲಾದ ಮೇಲೆ 2025ರ ಮಾರ್ಚ್‌ನಲ್ಲಿ ಅಮೆರಿಕ ಯುದ್ಧ ಸಾರಿರಲಿಲ್ಲ. ‘ಟ್ರೆನ್ ದೆ ಅರಾಗ್ವಾ’ ಎಂಬ ಅಲ್ಲಿನ ಕ್ರೂರ ಗ್ಯಾಂಗನ್ನು ಆಕ್ರಮಣಕಾರಿ ಸೇನೆ ಎಂದು ಕರೆದುಬಿಟ್ಟರು. ಕೊಲೆ, ಸುಲಿಗೆ ಮಾಡುವವರನ್ನು ಹಿಡಿಯಬೇಕು, ಶಿಕ್ಷಿಸಬೇಕು. ಅದಕ್ಕೆ ಕ್ರಿಮಿನಲ್ ಕಾನೂನಿದೆ, ವಲಸೆ ನ್ಯಾಯಾಲಯಗಳಿವೆ. ಆದರೆ ಅಲ್ಲೆಲ್ಲ ಸಾಕ್ಷ್ಯ ಕೊಡಬೇಕಾಗುತ್ತದೆ. ಇಲ್ಲಿ ಅಧಿಕಾರಿಗಳ ಕೈಗೆ ಕೊಟ್ಟದ್ದು ಅಂಕಪಟ್ಟಿ: ಗ್ಯಾಂಗಿನದೆಂದು ಅವರಿಗೆ ತೋರಿದ ಹಚ್ಚೆಗೆ 4 ಅಂಕ, ಒಟ್ಟು 8 ಆದರೆ ಆತ ಗ್ಯಾಂಗಿನವನೇ. ಎರಡನೇ ಮಹಾಯುದ್ಧದಲ್ಲಿ ಇದೇ ಕಾಯ್ದೆಯಡಿ ಸಿಕ್ಕಿಬಿದ್ದ ಜರ್ಮನರಿಗೂ ಮಂಡಳಿಯ ಮುಂದೆ ಅಹವಾಲು ಹೇಳಿಕೊಳ್ಳುವ ಅವಕಾಶ ಇತ್ತು.

ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ, ಮೊದಲೇ ನೋಟಿಸ್ ಕೊಟ್ಟು ಪ್ರಶ್ನಿಸಲು ಕಾಲಾವಕಾಶ ಕೊಡಲೇಬೇಕು ಎಂದಿತು. ಮೇ ತಿಂಗಳಲ್ಲಿ, 24 ಗಂಟೆಯ ನೋಟಿಸ್ ಸಾಲದು ಎಂದು 7–2ರಲ್ಲಿ ಹೇಳಿತು. ದಾಳಿಯೇ ನಡೆದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯದ ಪೀಠವೊಂದು ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತರೆ, ಪೂರ್ಣ ಪೀಠ ಅದನ್ನು ಮರುವಿಚಾರಣೆಗೆ ಎತ್ತಿಕೊಂಡಿತು. ಸೆಕಾಟ್‌ನಲ್ಲಿ ನಾಲ್ಕು ತಿಂಗಳು ಕೊಳೆತವರಿಗೆ ಇದರಿಂದ ಏನು ಸಿಕ್ಕಿತು?

‘ನಮ್ಮ ಪೇಪರ್ ಎಲ್ಲ ಸರಿಯಿದೆ, ನಮಗೇನು’ ಎನ್ನುವ ನಮ್ಮವರು ಹಿರಿಯರ ಇನ್ನೊಂದು ಕಾನೂನನ್ನೂ ನೆನಪಿಡಬೇಕು. ಸಂವಿಧಾನ ಬಂದ ಮೇಲಿನ ಮೊದಲ ಕಾಂಗ್ರೆಸ್ಸೇ 1790ರಲ್ಲಿ, ಸ್ವತಂತ್ರರಾದ ಬಿಳಿಯರಿಗೆ ಮಾತ್ರ ಪೌರತ್ವ ಎಂದು ಬರೆಯಿತು. ಆ ಬಿಳಿಯರ ಪಟ್ಟಿಯಲ್ಲಿ ಭಾರತೀಯರಿಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತು, ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್‌ಗೆ ಪೌರತ್ವ ಇಲ್ಲವೆಂದಿತು. ಅದರ ಬೆನ್ನಿಗೆ, ಮೊದಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಸರ್ಕಾರ ಕಿತ್ತುಕೊಳ್ಳತೊಡಗಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ನಡೆಸುತ್ತಿದ್ದ ವೈಷ್ಣೋ ದಾಸ್ ಬಾಗೈ ಅವರ ಪೇಪರೂ ಸರಿಯಾಗಿಯೇ ಇತ್ತು. ಪೌರತ್ವ ಹೋಯಿತು, ಭಾರತಕ್ಕೆ ಬಂದುಹೋಗಲು ಅಮೆರಿಕದ ಪಾಸ್‌ಪೋರ್ಟ್ ಸಿಗಲಿಲ್ಲ. 1928ರಲ್ಲಿ, ತಾನೇಕೆ ಸಾಯುತ್ತಿದ್ದೇನೆಂದು ಪತ್ರಿಕೆಗೆ ಪತ್ರ ಬರೆದಿಟ್ಟು ಅವರು ಪ್ರಾಣ ಕಳೆದುಕೊಂಡರು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಹಿರಿಯರು ಬರೆದದ್ದೆಲ್ಲ ಪ್ರಮಾಣ ಎಂದಿದ್ದರೆ ನ್ಯೂಜೆರ್ಸಿಯಲ್ಲಾಗಲಿ ಬೇ ಏರಿಯಾದಲ್ಲಾಗಲಿ ಒಬ್ಬ ಕನ್ನಡಿಗನೂ ಇಂದು ವೋಟು ಹಾಕುತ್ತಿರಲಿಲ್ಲ.

ಏಲಿಯನ್ ಎನಿಮೀಸ್ ಆಕ್ಟ್ ರದ್ದು ಮಾಡುವ ಮಸೂದೆಯನ್ನು ಸಂಸದರಾದ ಇಲ್ಹಾನ್ ಒಮರ್ ಮತ್ತು ಮೇಝಿ ಹಿರೋನೊ 2025ರ ಜನವರಿಯಲ್ಲೇ ಮತ್ತೆ ಮಂಡಿಸಿದ್ದಾರೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಷಿಗನ್‌ನಿಂದ, ಬೆಂಗಳೂರು ಮೂಲದ ದಂಪತಿಯ ಮಗ ಸುಹಾಸ್ ಸುಬ್ರಮಣ್ಯಂ ವರ್ಜೀನಿಯಾದಿಂದ ಗೆದ್ದು ಅಮೆರಿಕದ ಸಂಸತ್ತಿಗೆ ಹೋದವರು. ಯುಗಾದಿಗೆ, ರಾಜ್ಯೋತ್ಸವಕ್ಕೆ ಇಂಥವರನ್ನು ಕರೆದು ಶಾಲು ಹೊದಿಸುವ ಕನ್ನಡ ಕೂಟಗಳು ಮುಂದಿನ ಸಲ ವೇದಿಕೆಯಲ್ಲೇ ಕೇಳಲಿ: ಈ ಮಸೂದೆಗಾಗಿ ನೀವು ಏನು ಮಾಡುತ್ತಿದ್ದೀರಿ?