ಗುಡ್ಡದ ಬುಡದಲ್ಲಿ ಇರುವವರಿಗೆ ಗುಡ್ಡದ ಮಾಹಿತಿ ತಲುಪಿಸಿ: ಮನವಿ ಪತ್ರ

ಸ್ಥಳ: ಮಡಿಕೇರಿ
ದಿನಾಂಕ: 10-02-2025

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ,
ಕೊಡಗು ಜಿಲ್ಲೆ, ಮಡಿಕೇರಿ.

ಇವರಿಂದ,
ಮಡಿಕೇರಿ ತಾಲ್ಲೂಕಿನ ಗುಡ್ಡಗಾಡು ಗ್ರಾಮಗಳ ಬೆಳೆಗಾರರು, ತೋಟ ಕಾರ್ಮಿಕರು, ಶಿಕ್ಷಕರು ಮತ್ತು ನಿವಾಸಿಗಳು.

ವಿಷಯ: ಭೂಕುಸಿತ, ಅತಿವೃಷ್ಟಿ ಮತ್ತು ಭೂಕಂಪನದ ಬಗೆಗಿನ ವೈಜ್ಞಾನಿಕ ಮಾಹಿತಿಯನ್ನು ಗ್ರಾಮಸ್ಥರಿಗೆ ಅರ್ಥವಾಗುವ ರೂಪದಲ್ಲಿ, ಮುಂಗಾರಿಗೆ ಮೊದಲೇ ಒದಗಿಸುವ ಕುರಿತು.

ಮಾನ್ಯರೇ,

ರೋಬಸ್ಟಾ ಕೊಯ್ಲು ಮುಗಿಯುತ್ತ ಬಂದಿದೆ, ಹೂಮಳೆಗೆ ಇನ್ನೂ ಸಮಯವಿದೆ. ಮಳೆಗಾಲದ ಮಾತನ್ನು ಈಗಲೇ ಎತ್ತಲು ಕಾರಣವಿದೆ. ಜುಲೈನಲ್ಲಿ ಬಂದು ಕೇಳಿದರೆ ಟಾರ್ಪಾಲು ಸಿಗುತ್ತದೆ, ಪರಿಹಾರ ಕೇಂದ್ರದಲ್ಲಿ ಊಟ ಸಿಗುತ್ತದೆ. ನಾವು ಕೇಳಲು ಬಂದಿರುವುದು ಮೇ ತಿಂಗಳಿನೊಳಗೆ ಕೈಗೆ ಸಿಕ್ಕರೆ ಮಾತ್ರ ಪ್ರಯೋಜನಕ್ಕೆ ಬರುವಂಥದ್ದು.

2018ರ ಆಗಸ್ಟ್ ಮಧ್ಯಭಾಗದಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು ಭಾಗದಲ್ಲಿ ಗುಡ್ಡಗಳು ಕುಸಿದು ಏನಾಯಿತೆಂಬುದನ್ನು ತಮಗೆ ಮತ್ತೆ ವಿವರಿಸಬೇಕಾಗಿಲ್ಲ. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರ, ಅದರ ಮರುವರ್ಷ ತಲಕಾವೇರಿಯ ಬೆಟ್ಟ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಬಿತ್ತು. ಎರಡು ವಾರ ಕಳೆಯುವುದರೊಳಗೆ, ಜುಲೈ 30ರ ನಸುಕಿನಲ್ಲಿ, ನಮ್ಮ ಗಡಿಯಾಚೆಯ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ನಿದ್ದೆಯಲ್ಲಿರುವಾಗಲೇ ಕೊಚ್ಚಿಹೋದವು. ಪ್ರತಿ ಸಲವೂ ತಜ್ಞರು ಬರುತ್ತಾರೆ, ಅಳೆಯುತ್ತಾರೆ, ವರದಿ ಬರೆಯುತ್ತಾರೆ. ವರದಿ ಇಂಗ್ಲಿಷಿನಲ್ಲಿ ಇರುತ್ತದೆ, ಮೇಲಿನ ಕಚೇರಿಗೆ ಹೋಗುತ್ತದೆ. ಕುಸಿದ ಗುಡ್ಡದ ಬುಡದಲ್ಲಿ ಉಳಿದವರಿಗೆ ಸಿಗುವುದು ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲು.

ಮಾಹಿತಿ ಇಲ್ಲವೆಂಬುದು ನಮ್ಮ ದೂರಲ್ಲ. ಜಿಎಸ್‌ಐ ಎಂದು ಎಲ್ಲರೂ ಕರೆಯುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2014ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಡಿ ಗುಡ್ಡಗಾಡು ಪ್ರದೇಶಗಳಲ್ಲಿ ಎಲ್ಲೆಲ್ಲಿ ಭೂಕುಸಿತದ ಸಾಧ್ಯತೆ ಎಷ್ಟಿದೆ ಎಂಬ ನಕ್ಷೆಗಳನ್ನು ಮಾಡಿದೆ. 2024ರ ಜುಲೈನಲ್ಲಿ ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರವೇ ಶುರುವಾಗಿದೆ, ಮೊಬೈಲ್ ಆ್ಯಪ್ ಕೂಡ ಬಂದಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಇಷ್ಟು ಸೌಲಭ್ಯ ಬೇರೆ ರಾಜ್ಯಗಳಲ್ಲಿ ಕಡಿಮೆ ಎಂಬುದನ್ನೂ ಬಲ್ಲೆವು, ಅದಕ್ಕೆ ಕೃತಜ್ಞರೂ ಆಗಿದ್ದೇವೆ. ಆದರೆ ನಮ್ಮ ಮನೆಯ ಹಿಂದಿನ ಬರೆಯ (ಕಡಿದಾದ ಇಳಿಜಾರಿನ) ಬಗ್ಗೆ ಕೋಲ್ಕತ್ತಕ್ಕೆ ಗೊತ್ತಿರುವುದು, ಬೆಂಗಳೂರಿಗೆ ಗೊತ್ತಿರುವುದು, ಆ ಮನೆಯೊಳಗೆ ಮಲಗುವವರಿಗೆ ಗೊತ್ತಿಲ್ಲ.

ಇದು ಬರೀ ಬೇಸರದ ಮಾತಲ್ಲ, ಕಾನೂನೂ ಇದನ್ನೇ ಹೇಳುತ್ತದೆ. ಮುನ್ಸೂಚನೆಯ ವ್ಯವಸ್ಥೆಯನ್ನು ಸ್ಥಾಪಿಸಿ, ಕಾಪಾಡಿ, ಸಾರ್ವಜನಿಕರಿಗೆ ಸರಿಯಾದ ಮಾಹಿತಿ ಹಂಚುವುದು ಜಿಲ್ಲಾ ಪ್ರಾಧಿಕಾರದ ಕೆಲಸಗಳಲ್ಲೊಂದು ಎಂದು ವಿಪತ್ತು ನಿರ್ವಹಣಾ ಕಾಯ್ದೆ, 2005ರ 30ನೇ ಕಲಂ ಹೇಳುತ್ತದೆ. ಅದೇ ವರ್ಷದ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಹೆಚ್ಚು ಪರಿಣಾಮಕಾರಿಯಾದ ವಿಧಾನವನ್ನೂ ಗಮನದಲ್ಲಿಡಬೇಕೆನ್ನುತ್ತದೆ. ಜಾಲತಾಣದಲ್ಲಿ ಹಾಕಿದ್ದೇವೆ ಎಂಬ ಉತ್ತರ ಆ ಕಲಮಿಗೆ ಸಾಲದು.

ನಮ್ಮ ಬೇಡಿಕೆಗಳನ್ನು ಕೆಳಗೆ ನಿವೇದಿಸಿದ್ದೇವೆ.

ಮೊದಲನೆಯದು ನಕ್ಷೆ. ಈಗ ಲಭ್ಯವಿರುವ ನಕ್ಷೆಗಳು 50 ಸಾವಿರಕ್ಕೆ ಒಂದು ಪ್ರಮಾಣದವು. ಅದರಲ್ಲಿ ಒಂದು ಸೆಂಟಿಮೀಟರು ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರು. ಹತ್ತು ಸೆಂಟು ಮನೆಜಾಗ ಆ ನಕ್ಷೆಯಲ್ಲಿ ಅರ್ಧ ಮಿಲಿಮೀಟರೂ ಇರುವುದಿಲ್ಲ. ಇಡೀ ಜಿಲ್ಲೆಗೆ ಯೋಜನೆ ಮಾಡುವವರಿಗೆ ಅದು ಸಾಕು, ರಾತ್ರಿ ಮನೆ ಬಿಡಬೇಕೋ ಬೇಡವೋ ಎಂದು ಯೋಚಿಸುವವರಿಗೆ ಸಾಲದು. ಆದ್ದರಿಂದ ಜನವಸತಿ ಇರುವ ಇಳಿಜಾರುಗಳಿಗೆ ಕನಿಷ್ಠ ಹತ್ತು ಸಾವಿರಕ್ಕೆ ಒಂದು ಪ್ರಮಾಣದ ನಕ್ಷೆಯನ್ನು ಜಿಎಸ್‌ಐನಿಂದ ಪಡೆದು, ಪ್ರತಿ ಗ್ರಾಮ ಪಂಚಾಯಿತಿ ಕಚೇರಿಯ ಹೊರಗೋಡೆಯ ಮೇಲೆ ಬಣ್ಣದಲ್ಲಿ ಬರೆಸಬೇಕು. ಅದರಲ್ಲಿ ದೇವಸ್ಥಾನ, ಶಾಲೆ, ಅಂಗಡಿ, ಸೇತುವೆ, ತೋಡು, ಕೊಲ್ಲಿಗಳನ್ನು ಊರಿನವರು ಕರೆಯುವ ಹೆಸರಿನಲ್ಲೇ ಗುರುತಿಸಬೇಕು. ಅಕ್ಷಾಂಶ ರೇಖಾಂಶ ನಮ್ಮ ಅಜ್ಜಂದಿರಿಗೆ ಬೇಕಿಲ್ಲ. ನಕ್ಷೆಯ ಕೆಳಗೆ ಒಂದು ಮಾತು ಸ್ಪಷ್ಟವಾಗಿರಲಿ: ಕೆಂಪು ಬಣ್ಣವೆಂದರೆ ಈ ವರ್ಷವೇ ಕುಸಿಯುತ್ತದೆ ಎಂದಲ್ಲ, ಹಸಿರು ಎಂದರೆ ಎಂದಿಗೂ ಕುಸಿಯದು ಎಂದೂ ಅಲ್ಲ. ನಕ್ಷೆ ಬಹಿರಂಗವಾದರೆ ಜಾಗದ ಬೆಲೆ ಬೀಳುತ್ತದೆ ಎಂಬ ಆಕ್ಷೇಪ ನಮ್ಮವರಿಂದಲೇ ಬರಬಹುದು. ಬರಲಿ. ಅದನ್ನು ಗ್ರಾಮಸಭೆಯಲ್ಲಿ ಎದುರಿಸಲು ನಾವು ಸಿದ್ಧರಿದ್ದೇವೆ.

ಎರಡನೆಯದು ಮಳೆಯ ಲೆಕ್ಕ, ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಅಳೆಯುವುದು ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ). ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ಪುಸ್ತಕದಲ್ಲಿ ಬರೆದಿಡುವ ರೂಢಿ ಹಲವು ಮನೆಗಳಲ್ಲಿ ತಲೆಮಾರುಗಳಿಂದ ಇದೆ. ಬರೆಯದವರಿಗೂ ಮೂರು ಇಂಚು ಇಪ್ಪತ್ತು ಸೆಂಟು ಎಂದರೆ ಎಂಥ ಮಳೆ ಎಂದು ಗೊತ್ತು. ಆದರೆ ಮೊಬೈಲಿಗೆ ಬರುವ ಎಚ್ಚರಿಕೆ ಮಿಲಿಮೀಟರಿನಲ್ಲಿ ಇರುತ್ತದೆ, ಇಲ್ಲವೇ ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣದಲ್ಲಿ. ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅದಕ್ಕೂ ಮೀರಿದ ಮಳೆ. ನಮ್ಮ ಲೆಕ್ಕದಲ್ಲಿ ಇವು ಸುಮಾರು ಎರಡೂವರೆ, ನಾಲ್ಕೂವರೆ ಮತ್ತು ಎಂಟು ಇಂಚು. ಎರಡೂವರೆ ಇಂಚು ಎಂದೊಡನೆ ಭಾಗಮಂಡಲದವರು ನಕ್ಕುಬಿಡುತ್ತಾರೆ. ಪುಷ್ಯ ಮಳೆಯಲ್ಲಿ ಅದು ಅವರಿಗೆ ದಿನನಿತ್ಯದ ಸಂಗತಿ. ಇಡೀ ದೇಶಕ್ಕೆ ಒಂದೇ ಅಳತೆ ಇಟ್ಟರೆ ಇಲ್ಲಿ ಎಚ್ಚರಿಕೆ ಪ್ರತಿದಿನದ ಮಾತಾಗುತ್ತದೆ, ಪ್ರತಿದಿನ ಬಂದ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಗುಡ್ಡಕ್ಕೆ ಇವತ್ತಿನ ಮಳೆಯಷ್ಟೇ ಲೆಕ್ಕವಲ್ಲ. ನಮ್ಮ ಇಳಿಜಾರುಗಳಲ್ಲಿ ಗಟ್ಟಿ ಬಂಡೆಯ ಮೇಲೆ, ಬಂಡೆಯೇ ಶಿಥಿಲವಾಗಿ ಆದ ಮಣ್ಣಿನ ದಪ್ಪ ಪದರವಿದೆ. ಇಂಗಿದ ನೀರು ಕೆಳಗಿಳಿದು ಬಂಡೆಯ ಮೇಲೆ ನಿಲ್ಲುತ್ತದೆ. ಮಳೆ ಬಿಡದೆ ಸುರಿದಷ್ಟೂ ಆ ನೀರಿನ ಮಟ್ಟ ಏರಿ, ಅದರ ಒತ್ತಡಕ್ಕೆ ಮಣ್ಣಿನ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಮಣ್ಣಿನ ಭಾರವೂ ಹೆಚ್ಚುತ್ತದೆ. ಒಣಗಿದ್ದಾಗ ಎಂಟು ಇಂಚು ತಡೆದುಕೊಂಡ ಬರೆ, ವಾರಗಟ್ಟಲೆ ನೆನೆದ ಮೇಲೆ ನಾಲ್ಕು ಇಂಚಿಗೇ ಜರಿಯಬಹುದು. 2018ರಲ್ಲಿ ಜೂನ್, ಜುಲೈ ತಿಂಗಳ ಮಳೆಗೆ ನೆಲ ಮೊದಲೇ ತೊಯ್ದು ತುಂಬಿತ್ತು, ಆಗಸ್ಟ್ ಮಳೆ ಅದರ ಮೇಲೆ ಬಿತ್ತು. ಹಾಗಾಗಿ ನಮಗೆ ಬೇಕಾದ ಎಚ್ಚರಿಕೆಯಲ್ಲಿ ಮೂರು ಅಂಕಿಗಳಿರಬೇಕು: ನಿನ್ನೆಯ ಮಳೆ, ಕಳೆದ ಮೂರು ದಿನದ ಒಟ್ಟು ಮಳೆ, ಮುಂಗಾರು ಆರಂಭವಾದಂದಿನಿಂದ ಬಿದ್ದ ಒಟ್ಟು ಮಳೆ. ಪ್ರತಿಯೊಂದೂ ಮಿಲಿಮೀಟರಿನ ಜೊತೆಗೆ ಇಂಚಿನಲ್ಲೂ ಇರಬೇಕು, ಹೋಬಳಿವಾರು ಇರಬೇಕು, ಪಂಚಾಯಿತಿಯ ಕಪ್ಪುಹಲಗೆಯ ಮೇಲೆ ದಿನವೂ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆದಿರಬೇಕು. ಪಂಚಾಯಿತಿಯ ಮಳೆಮಾಪಕ ಅಳೆದ ಅಂಕಿ ಬೆಂಗಳೂರಿಗೆ ಹೋಗುವಾಗ ಪಕ್ಕದ ಗೋಡೆಗೂ ಬರಲಿ.

ವಯನಾಡಿನಲ್ಲಿ ಇಂಥದ್ದೊಂದು ಕೆಲಸ ನಡೆದಿದೆ. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ರೈತರು ಮತ್ತು ಬೆಳೆಗಾರರ ಸಹಾಯದಿಂದ ಜಿಲ್ಲೆಯಾದ್ಯಂತ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳ ಲೆಕ್ಕ ಇಡುತ್ತದೆ. ಮುಂಡಕ್ಕೈ ದುರಂತಕ್ಕೆ ಮುಂಚಿನ 48 ಗಂಟೆಗಳಲ್ಲಿ ಹತ್ತಿರದ ಪುತ್ತುಮಲದಲ್ಲಿ 572 ಮಿ.ಮೀ., ಅಂದರೆ ಸುಮಾರು ಇಪ್ಪತ್ತೆರಡೂವರೆ ಇಂಚು ಮಳೆ ಆಗಿದ್ದನ್ನು ದಾಖಲಿಸಿದ್ದು ಈ ಜಾಲವೇ. ಹಿಂದಿನ ದಿನವೇ ಎಚ್ಚರಿಕೆ ಕೊಟ್ಟಿದ್ದೆವು ಎಂದು ಆ ಸಂಸ್ಥೆ ಹೇಳಿದ್ದು ಪತ್ರಿಕೆಗಳಲ್ಲಿ ವರದಿಯಾಗಿದೆ. ಅಳೆಯುವ ಜನ ಇದ್ದರೂ ಆ ಅಂಕಿಯಿಂದ ಊರು ಖಾಲಿ ಮಾಡಿಸುವವರೆಗಿನ ದಾರಿ ಗಟ್ಟಿಯಾಗಿರಬೇಕು ಎಂಬುದನ್ನೂ ಆ ಘಟನೆ ತೋರಿಸಿತು. ಕೊಡಗಿನ ಬೆಳೆಗಾರರ ಮನೆಗಳಲ್ಲಿರುವ ಹಳೆಯ ಮಳೆ ಪುಸ್ತಕಗಳನ್ನು ಸಂಗ್ರಹಿಸಿ, ಪ್ರತಿ ಮಾಡಿಸಿ, ಮೂಲ ಪುಸ್ತಕವನ್ನು ಮನೆಯವರಿಗೆ ಹಿಂದಿರುಗಿಸುವ ಕೆಲಸವನ್ನು ಜಿಲ್ಲಾಡಳಿತ ಕೈಗೊಂಡರೆ ನಮ್ಮ ಮನೆಗಳ ಪುಸ್ತಕಗಳನ್ನು ಕೊಡಲು ಒಪ್ಪಿದ್ದೇವೆ.

ಮೂರನೆಯದು, ಕುಸಿತದ ಮುನ್ಸೂಚನೆಗಳನ್ನು ಗುರುತಿಸುವ ತಿಳಿವಳಿಕೆ. ಬರೆಯ ಮೇಲ್ಭಾಗದಲ್ಲಿ ಅರ್ಧಚಂದ್ರಾಕಾರದ ಬಿರುಕು, ವಾಲಿದ ಸಿಲ್ವರ್ ಓಕ್ ಮರ ಅಥವಾ ವಿದ್ಯುತ್ ಕಂಬ, ಇದ್ದಕ್ಕಿದ್ದಂತೆ ಕೆಂಪಾದ ಒರತೆ, ಜೋರು ಮಳೆಯಲ್ಲೂ ನೀರು ಕಡಿಮೆಯಾದ ತೋಡು, ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲು. ಇವನ್ನು ಕಂಡರೆ ಯಾರಿಗೆ ಹೇಳಬೇಕು, ಹೇಳಿದ ಮೇಲೆ ಎಷ್ಟು ಹೊತ್ತಿನಲ್ಲಿ ಯಾರು ಬರುತ್ತಾರೆ? ಬಿರುಕಿನೊಳಗೆ ನೀರು ಇಳಿಯದಂತೆ ಜೇಡಿಮಣ್ಣು ತುಂಬಿ ಮುಚ್ಚಬೇಕೆಂಬುದು ಬಹಳ ಜನಕ್ಕೆ ತಿಳಿದಿಲ್ಲ. ಇದನ್ನೆಲ್ಲ ಚಿತ್ರಗಳ ಸಮೇತ ಒಂದು ಹಾಳೆಯಲ್ಲಿ ಮುದ್ರಿಸಿ ಪ್ರತಿ ಮನೆಗೆ ಕೊಡಬೇಕು. ಕನ್ನಡದಲ್ಲಿ ಮಾತ್ರ ಆದರೆ ಸಾಲದು. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಆಡುವವರು ನಮ್ಮಲ್ಲಿದ್ದಾರೆ, ತೋಟ ಕಾರ್ಮಿಕರ ಲೈನ್‌ಮನೆಗಳಲ್ಲಿ ಅಸ್ಸಾಮಿನಿಂದ ಬಂದವರಿದ್ದಾರೆ. ಲೈನ್‌ಮನೆಯ ಜಾಗವನ್ನು ಆರಿಸಿದ್ದು ಅಲ್ಲಿ ಮಲಗುವವರಲ್ಲ, ಅಪಾಯ ಕಂಡಾಗ ಬಿಟ್ಟು ಹೋಗುವ ಧೈರ್ಯವೂ ಅವರಿಗೆ ಸುಲಭವಲ್ಲ. ಎಚ್ಚರಿಕೆ ಬಂದ ದಿನ ಕಾರ್ಮಿಕರನ್ನು ಸ್ಥಳಾಂತರಿಸುವುದು ತೋಟದ ಮಾಲೀಕರ ಹೊಣೆ ಎಂದು ಲಿಖಿತ ಆದೇಶ ಹೊರಡಿಸಬೇಕು. ನಮ್ಮಲ್ಲಿ ಮಾಲೀಕರೂ ಇದ್ದಾರೆ, ಅವರೂ ಈ ಮಾತಿಗೆ ಸಹಿ ಹಾಕಿದ್ದಾರೆ.

ನಾಲ್ಕನೆಯದು ಸ್ವಲ್ಪ ವಿಚಿತ್ರವೆನಿಸಬಹುದು. ಗುಡ್ಡದ ಬುಡವನ್ನು ಎಷ್ಟು ಕಡಿಯಬೇಕು, ತೆಗೆದ ಮಣ್ಣನ್ನು ಎಲ್ಲಿ ಸುರಿಯಬೇಕು ಎಂಬುದನ್ನು ನಮ್ಮ ಊರುಗಳಲ್ಲಿ ಬಹಳ ಸಲ ತೀರ್ಮಾನಿಸುವವರು ಜೆಸಿಬಿ ಮತ್ತು ಹಿಟಾಚಿ ಓಡಿಸುವವರು, ಅವರ ಜೊತೆಗೆ ಮೇಸ್ತ್ರಿಗಳು. 2018ರ ಕುಸಿತಗಳಿಗೆ ಅತಿವೃಷ್ಟಿಯ ಜೊತೆಗೆ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಜಿಎಸ್‌ಐ ತಜ್ಞರೇ ಹೇಳಿದ್ದಾರೆ. ಹಾಗಿದ್ದರೆ ಭೂವಿಜ್ಞಾನದ ಮೊದಲ ಪಾಠ ಈ ಚಾಲಕರಿಗೇ ಸಿಗಬೇಕು. ಮಳೆಗಾಲಕ್ಕೆ ಮುನ್ನ ಹೋಬಳಿಗೊಂದರಂತೆ, ದಿನದ ಕೂಲಿ ಕೊಟ್ಟು, ಒಂದು ದಿನದ ತರಬೇತಿ ನಡೆಸಬೇಕು. ಭೂಪರಿವರ್ತನೆಗೆ ಅರ್ಜಿ ಹಾಕುವವರಿಗೆ ಆ ಸರ್ವೆ ನಂಬರಿನ ಇಳಿಜಾರಿನ ಸ್ಥಿತಿ ತಿಳಿಸುವ ಟಿಪ್ಪಣಿಯನ್ನು ಕನ್ನಡದಲ್ಲಿ ಕೊಟ್ಟು, ಓದಿದ್ದಕ್ಕೆ ಸಹಿ ಪಡೆಯಬೇಕು.

ಭೂಕಂಪನದ ಬಗ್ಗೆಯೂ ಒಂದು ಮಾತು. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ, ಗೂನಡ್ಕ ಭಾಗದಲ್ಲಿ ನೆಲದೊಳಗಿನಿಂದ ಗುಡುಗಿನಂಥ ಸದ್ದು ಕೇಳಿಸಿ ನೆಲ ಮತ್ತೆ ಮತ್ತೆ ನಡುಗಿತು. ಅವುಗಳಲ್ಲಿ ದೊಡ್ಡದು ಜೂನ್ 28ರದ್ದು, 3.0 ತೀವ್ರತೆಯದು. 1993ರಲ್ಲಿ ಲಾತೂರಿನ ಕಿಲ್ಲಾರಿಯನ್ನು ನೆಲಸಮ ಮಾಡಿದ ಕಂಪನ 6ಕ್ಕಿಂತ ಹೆಚ್ಚಿನದು. ಮೂರಕ್ಕೂ ಆರಕ್ಕೂ ಎರಡು ಪಟ್ಟಿನ ಅಂತರ ಎಂದೇ ಹಲವರು ತಿಳಿದಿದ್ದಾರೆ. ಬಿಡುಗಡೆಯಾಗುವ ಶಕ್ತಿಯಲ್ಲಿ ಆ ಅಂತರ ಸುಮಾರು 30 ಸಾವಿರ ಪಟ್ಟು. ಈ ಒಂದು ವಿವರಣೆ ಆ ದಿನ ಧ್ವನಿವರ್ಧಕದಲ್ಲಿ ಬಂದಿದ್ದರೆ ವಾಟ್ಸ್‌ಆ್ಯಪ್ ವದಂತಿಗಳಿಗೆ ಅಷ್ಟು ಜಾಗ ಇರುತ್ತಿರಲಿಲ್ಲ. ಕಂಪನದ ವರದಿಯಾದ ಆರು ಗಂಟೆಗಳೊಳಗೆ ಜಿಲ್ಲಾಡಳಿತದ ಪರವಾಗಿ ವಿಷಯ ಬಲ್ಲವರೊಬ್ಬರು ಆಕಾಶವಾಣಿ ಮಡಿಕೇರಿ ಕೇಂದ್ರದಿಂದ ಜನರೊಂದಿಗೆ ಮಾತನಾಡುವ ವ್ಯವಸ್ಥೆ ಬೇಕು. ಆ ಕ್ಷಣಕ್ಕೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಲಿ, ಜನ ಅದನ್ನು ಒಪ್ಪುತ್ತಾರೆ.

ರೇಡಿಯೊ ಎಂದದ್ದಕ್ಕೆ ಕಾರಣ ಕರೆಂಟು. ಮಳೆ ಜೋರಾದ ದಿನವೇ ಕಂಬ ಬೀಳುತ್ತದೆ, ಟವರಿನ ಬ್ಯಾಟರಿ ಮುಗಿಯುತ್ತದೆ, ನೆಟ್‌ವರ್ಕ್ ಹೋಗುತ್ತದೆ. ಮೊಬೈಲನ್ನೇ ನಂಬಿದ ಎಚ್ಚರಿಕೆ ಬೇಕಾದ ರಾತ್ರಿ ಬರುವುದಿಲ್ಲ. ಅಪಾಯದ ಗುರುತು ಬಿದ್ದಿರುವ ಊರುಗಳಲ್ಲಿ ಕೈಯಿಂದ ತಿರುಗಿಸುವ ಸೈರನ್ನು, ಅದನ್ನು ಮೊಳಗಿಸುವ ಅಧಿಕಾರವಿರುವ ಇಬ್ಬರು ಗ್ರಾಮಸ್ಥರು ಇರಲಿ. ತಪ್ಪಾಗಿ ಮೊಳಗಿಸಿದರೂ ಅವರ ಮೇಲೆ ಕ್ರಮವಿಲ್ಲ ಎಂಬ ಭರವಸೆಯೂ ಇರಲಿ.

ಕೊನೆಯದಾಗಿ, ಕೊಡಗಿನ ಭೂಕುಸಿತಗಳ ಬಗ್ಗೆ 2018ರಿಂದ ಈವರೆಗೆ ಸಲ್ಲಿಕೆಯಾದ ಎಲ್ಲ ತಾಂತ್ರಿಕ ವರದಿಗಳ ಕನ್ನಡ ಸಾರಾಂಶವನ್ನು ಸಂಬಂಧಪಟ್ಟ ಗ್ರಾಮಸಭೆಗಳಲ್ಲಿ ಓದಿ ಹೇಳಬೇಕು, ಪ್ರಶ್ನೆಗಳಿಗೆ ಉತ್ತರಿಸಲು ಭೂವಿಜ್ಞಾನಿಯೊಬ್ಬರು ಹಾಜರಿರಬೇಕು.

ಇವುಗಳಲ್ಲಿ ಬಹುಪಾಲು ಕೆಲಸಕ್ಕೆ ಹೊಸ ಯಂತ್ರವಾಗಲಿ ಹೊಸ ಅಧ್ಯಯನವಾಗಲಿ ಬೇಕಿಲ್ಲ. ದೊಡ್ಡ ಪ್ರಮಾಣದ ನಕ್ಷೆಗೆ ಮಾತ್ರ ಕಾಲಾವಕಾಶ ಬೇಕೆಂದು ಒಪ್ಪುತ್ತೇವೆ. ಉಳಿದವು 2025ರ ಮೇ 15ರೊಳಗೆ ಆಗಬೇಕು. ಈ ಬಗ್ಗೆ ಚರ್ಚಿಸಲು ಮಾರ್ಚ್ ತಿಂಗಳಲ್ಲಿ ಒಂದು ದಿನ ನಿಗದಿಪಡಿಸಿ, ಜಿಎಸ್‌ಐ ಮತ್ತು ವಿಕೋಪ ಉಸ್ತುವಾರಿ ಕೇಂದ್ರದ ಪ್ರತಿನಿಧಿಗಳನ್ನೂ ಕರೆಸಿ, ಯಾವ ಬೇಡಿಕೆ ಒಪ್ಪಿಗೆಯಾಗಿದೆ, ಯಾವುದು ಇಲ್ಲ, ಏಕೆ ಇಲ್ಲ ಎಂಬುದನ್ನು ನಮಗೆ ಬರವಣಿಗೆಯಲ್ಲಿ ತಿಳಿಸಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳ ಹಾಳೆ ಲಗತ್ತಿಸಿದೆ)

ಪ್ರತಿಗಳು:
ಕರ್ನಾಟಕ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ, ಬೆಂಗಳೂರು
ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಬೆಂಗಳೂರು
ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಕರ್ನಾಟಕ ಘಟಕ