ಹಿತ್ತಲ ಕೊಳದ ನೀರಿನ ಲೆಕ್ಕ

“ವರ್ಷಕ್ಕೆ 120 ಇಂಚು ಮಳೆ ಸುರಿಯುವ ಊರಲ್ಲಿ ಕೂತು ನೀರಿನ ಲೆಕ್ಕ ಕೇಳ್ತೀರಲ್ಲ ಮಾರಾಯ್ರೇ!” ಮಡಿಕೇರಿಯ ಮದುವೆ ಊಟವೊಂದರಲ್ಲಿ ಹೀಗೆಂದವರು ಹೋಂಸ್ಟೇ ನಡೆಸುವ ಪರಿಚಿತರು. ಬೇಸಗೆಗೆ ಹಿತ್ತಲಲ್ಲಿ ಒಂದು ಈಜುಕೊಳ ಇಡಿಸುತ್ತೇನೆ ಅಂದಿದ್ದರು. ನೀರು ಎಲ್ಲಿಂದ ಅಂತ ಪಕ್ಕದವರೊಬ್ಬರು ಕೇಳಿದರು. ಅದಕ್ಕೆ ಬಂದ ಉತ್ತರ ಇದು. ಪಂಕ್ತಿಯಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಆ ಮಾತು ಕೊಡಗಿನಲ್ಲಿ ಈಗ ಎಷ್ಟು ಸಲೀಸಾಗಿ ಓಡಾಡುತ್ತಿದೆ ಎಂದರೆ, ಅದನ್ನು ಯಾರೂ ನಿಲ್ಲಿಸಿ ವಿಚಾರಿಸುವುದೇ ಇಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹಿತ್ತಲಲ್ಲಿ ಈಜುಕೊಳ ಇಡುವುದು ಪಾಪವೆಂದು ನಾನು ತಿಳಿದಿಲ್ಲ. ಕಬ್ಬಿಣದ ಚೌಕಟ್ಟಿಗೆ ದಪ್ಪ ಪಿವಿಸಿ ಹಾಳೆ ಬಿಗಿದು ನೆಲದ ಮೇಲೆಯೇ ನಿಲ್ಲಿಸುವ ಸಣ್ಣ ಕೊಳವಿದೆಯಲ್ಲ, ಅದನ್ನು ಗುಡ್ಡಗಾಡಿನ ಮನೆಗೂ ನಾನು ಒಪ್ಪುತ್ತೇನೆ. ಒಪ್ಪದಿರುವುದು ಮಳೆಯ ಹೆಸರಿನಲ್ಲಿ ಕೇಳುವ ಹಕ್ಕನ್ನು. ಒಮ್ಮೆ ತುಂಬಿದ ನೀರನ್ನು ತಿಂಗಳುಗಟ್ಟಲೆ ಕೆಡದಂತೆ ನೋಡಿಕೊಳ್ಳುವ ದಿನದಿನದ ದುಡಿಮೆಗೆ ಮನೆಯವರೇ ಕೈಹಾಕುವುದಾದರೆ ಕೊಳ ಇಡಲಿ. ಆಗದಿದ್ದರೆ ಬೇಡ.

ಮಳೆಯ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಇಳಿಜಾರಿನ ನೆಲ; ಬಿದ್ದ ನೀರು ಕೊಲ್ಲಿ, ತೋಡು, ಹೊಳೆ ಹಿಡಿದು ಹೊರಟೇಹೋಗುತ್ತದೆ. ಮಳೆಗಾಲದ ನಡುವಿನ ಕಕ್ಕಡ ತಿಂಗಳ ಚಳಿಯಲ್ಲಿ ಯಾರೂ ಈಜುವುದಿಲ್ಲ. ಈಜುವ ಆಸೆ ಹುಟ್ಟುವುದು ಮಾರ್ಚ್ ಬಂದ ಮೇಲೆ, ಮಕ್ಕಳಿಗೆ ರಜೆ ಸಿಕ್ಕ ಮೇಲೆ. ಅದೇ ಹೊತ್ತಿಗೆ ರೊಬಸ್ಟಾ ಕಾಫಿ ಹೂ ಬಿಡಬೇಕೆಂದು ತೋಟದ ಕೆರೆಗಳಿಂದ ಸ್ಪ್ರಿಂಕ್ಲರ್ ಓಡುತ್ತಿರುತ್ತದೆ, ತೋಡುಗಳಲ್ಲಿ ಕಲ್ಲು ಕಾಣುತ್ತಿರುತ್ತದೆ, ಮಡಿಕೇರಿ ಪೇಟೆಯವರು ತಮಗೆ ನೀರು ಕೊಡುವ ಕೂಟುಹೊಳೆಯಲ್ಲಿ ಎಷ್ಟು ನೀರಿದೆ ಎಂದು ವಿಚಾರಿಸುತ್ತಿರುತ್ತಾರೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು ಆದೇಶ ಹೊರಡಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಇಲ್ಲಿ ಎಷ್ಟೋ ಜನ ಅದನ್ನು ದೂರದ ನಗರದ ಸುದ್ದಿಯಂತೆ ಓದಿದರು. 2023ರಲ್ಲಿ ಮುಂಗಾರು ಕೈಕೊಟ್ಟದ್ದು ನಮ್ಮದೇ ಬೆಟ್ಟಗಳ ಮೇಲೆ. ಆ ಕೊರತೆಯೇ ಕೆಆರ್‌ಎಸ್ ದಾಟಿ ಬೆಂಗಳೂರಿನ ನಲ್ಲಿಗೆ ಮುಟ್ಟಿತ್ತು. ಕಾವೇರಿ ಹುಟ್ಟುವ ಜಿಲ್ಲೆಯವರು ಇದನ್ನು ಉಳಿದವರಿಗಿಂತ ಮೊದಲು ಅರಿಯಬೇಕಿತ್ತು.

ಈಗ ಕೊಳದ ಲೆಕ್ಕ. ಹನ್ನೆರಡು ಅಡಿ ಅಗಲದ ದುಂಡನೆಯ ಕೊಳದಲ್ಲಿ ಎರಡಡಿ ನೀರು ನಿಲ್ಲಿಸಿದರೆ ಸುಮಾರು 6,400 ಲೀಟರ್. ಹಸಿರಾಯಿತು, ವಾಸನೆ ಬಂತು ಎಂದು ವಾರಕ್ಕೊಮ್ಮೆ ಚೆಲ್ಲಿ ತುಂಬಿಸುವ ಮನೆಯಲ್ಲಿ ಹತ್ತು ವಾರದ ಬೇಸಗೆಗೆ 64 ಸಾವಿರ ಲೀಟರ್ ಹೋಯಿತು. ಅದೇ ನೀರನ್ನು ಶುದ್ಧವಾಗಿ ಉಳಿಸಿಕೊಂಡ ಮನೆಯಲ್ಲಿ ಕಡಿಮೆಯಾಗುವುದು ಆವಿಯಾಗಿ ಹೋದಷ್ಟು, ಮಕ್ಕಳು ಎರಚಿದಷ್ಟು. ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೂ ಐವತ್ತು ಲೀಟರ್ ಚಿಲ್ಲರೆ. ರಾತ್ರಿ ಮೇಲೊಂದು ಟಾರ್ಪಾಲು ಎಳೆದರೆ ಅದೂ ಇಳಿಯುತ್ತದೆ. ಕೊಳ ಒಂದೇ, ಊರು ಒಂದೇ. ಖರ್ಚಾಗುವ ನೀರಿನಲ್ಲಿ ಮಾತ್ರ ಹತ್ತಾರು ಸಾವಿರ ಲೀಟರಿನ ಅಂತರ. ಈ ಅಂತರವನ್ನು ಹುಟ್ಟಿಸುವುದು ದುಡ್ಡಲ್ಲ, ಸಂಜೆ ಅರ್ಧ ಗಂಟೆಯ ಮೈಗೆಲಸ.

ಮಳೆಯನ್ನು ನೆಚ್ಚುವವರಿಗೂ ಒಂದು ದಾರಿಯಿದೆ. ಸಾವಿರ ಚದರಡಿ ಹೆಂಚಿನ ಮಾಡಿನ ಮೇಲೆ ಒಂದಿಂಚು ಮಳೆ ಬಿದ್ದರೆ 2,300 ಲೀಟರ್ ಸಿಗುತ್ತದೆ. ಮೂರಿಂಚಿಗೆ ಆ ಕೊಳ ತುಂಬುತ್ತದೆ. ಅಕ್ಟೋಬರಿನ ತುಲಾ ತಿಂಗಳ ಮಳೆಗೆ ದಂಬೆಯ ಬಾಯಿಗೆ ಬಟ್ಟೆ ಕಟ್ಟಿ ನೀರು ಹಿಡಿದು, ಬೆಳಕು ತಾಗದಂತೆ ಮುಚ್ಚಿಟ್ಟರೆ ಚಳಿಗಾಲದಲ್ಲಿ ಪಾಚಿ ಬೆಳೆಯುವುದೂ ನಿಧಾನ. ಮಾರ್ಚ್ ಹೊತ್ತಿಗೆ ಬಾವಿಯನ್ನೂ ನಲ್ಲಿಯನ್ನೂ ಮುಟ್ಟದೆ ಕೊಳ ಸಿದ್ಧ. 120 ಇಂಚಿನ ಮಾತಾಡುವವರು ಈ ಮೂರಿಂಚನ್ನು ಹಿಡಿದು ತೋರಿಸಲಿ, ಆಮೇಲೆ ಅವರ ವಾದಕ್ಕೆ ನಾನೂ ದನಿಗೂಡಿಸುತ್ತೇನೆ.

ಆದರೆ ಕೊಡಗಿನಲ್ಲಿ ಕೊಳದ ಪ್ರಶ್ನೆ ನೀರಿಗಿಂತ ಮೊದಲು ನೆಲದ ಪ್ರಶ್ನೆ. ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ನೀರು ತೂಕದ ವಸ್ತು. ಸಾವಿರ ಲೀಟರ್ ಎಂದರೆ ಒಂದು ಟನ್. ನಾನು ಹೇಳಿದ ಸಣ್ಣ ಕೊಳವೇ ಆರೂವರೆ ಟನ್ ಹತ್ತಿರ. ಹದಿನೈದು ಅಡಿ ಅಗಲ, ನಾಲ್ಕಡಿ ಎತ್ತರದ್ದಾದರೆ, ಅಂಚಿನವರೆಗೆ ತುಂಬಿಸದಿದ್ದರೂ, ಹದಿನೇಳು ಟನ್ ಸಮೀಪಕ್ಕೆ ಹೋಗುತ್ತದೆ. ಇಷ್ಟು ಭಾರ ಒಂದು ಕಡೆಗೆ ವಾಲಿದರೆ ಅತ್ತ ಕಡೆಯ ಗೋಡೆಯ ಮೇಲೆ ಒತ್ತಡ ಏರಿ ಚೌಕಟ್ಟಿನ ಕಾಲು ಹೊರಕ್ಕೆ ಸರಿಯುತ್ತದೆ, ಹಾಳೆ ಸೀಳುತ್ತದೆ. ಆದ್ದರಿಂದ ಕೊಳ ತರುವ ಮೊದಲು ಗಾರೆ ಮೇಸ್ತ್ರಿಯನ್ನು ಕರೆಯಬೇಕು. ಅವನ ಹತ್ತಿರ ಬೆಲೆಬಾಳುವ ಯಂತ್ರ ಇರಬೇಕಾಗಿಲ್ಲ. ಪಾರದರ್ಶಕ ಪೈಪೊಂದಕ್ಕೆ ನೀರು ತುಂಬಿ, ಗುಳ್ಳೆ ಹೋಗುವ ತನಕ ಬೆರಳಲ್ಲಿ ತಟ್ಟಿ, ಒಂದು ತುದಿಯನ್ನು ಈ ಗೂಟಕ್ಕೂ ಇನ್ನೊಂದು ತುದಿಯನ್ನು ಆ ಗೂಟಕ್ಕೂ ಹಿಡಿಸುತ್ತಾನೆ. ನೀರು ನಿಂತಲ್ಲಿ ಪೆನ್ಸಿಲಿನಿಂದ ಗೀಟು ಹಾಕುತ್ತಾನೆ. ಕಣ್ಣಿಗೆ ಚಪ್ಪಟೆಯಾಗಿ ಕಾಣುವ ಅಂಗಳ ಹನ್ನೆರಡು ಅಡಿಯಲ್ಲಿ ಅರ್ಧ ಅಡಿ ಇಳಿದಿರುವುದು ಆಗ ಗೊತ್ತಾಗುತ್ತದೆ. ಎತ್ತರದ ಕಡೆಯ ಮಣ್ಣನ್ನು ತೆಗೆದು ಸಮ ಮಾಡಬೇಕೇ ಹೊರತು ತಗ್ಗಿಗೆ ಮಣ್ಣು ತುಂಬಿಸಿ ಅದರ ಮೇಲೆ ಕೊಳ ಕೂರಿಸಬಾರದು. ತುಂಬಿದ ಮಣ್ಣು ಎಷ್ಟು ತುಳಿದರೂ ಭಾರ ಬಿದ್ದಮೇಲೆ ಕುಸಿಯುತ್ತದೆ. ಕಾಲುಗಳ ಅಡಿಗೆ ಕಲ್ಲುಚಪ್ಪಡಿ, ಹಾಳೆಯ ಅಡಿಗೆ ಜರಡಿ ಹಿಡಿದ ಮರಳು. ಜೇಕು ಹುಲ್ಲಿನ ಗಡ್ಡೆಗಳನ್ನು ಒಂದೂ ಬಿಡದೆ ಆರಿಸಿ ಎಸೆಯಬೇಕು. ಅದರ ಸೂಜಿಮೊನೆಯ ಮೊಳಕೆ ಮರಳನ್ನೂ ಪಿವಿಸಿಯನ್ನೂ ತೂರಿಕೊಂಡು ಮೇಲೆ ಬರುತ್ತದೆ.

ಸಮ ಮಾಡಲು ಅರ್ಧ ಅಡಿಗಿಂತ ಹೆಚ್ಚು ಕಡಿಯಬೇಕಾಗಿ ಬಂದರೆ ಆ ಜಾಗ ಕೊಳಕ್ಕೆ ಆಗುವುದಿಲ್ಲ ಎಂದೇ ತಿಳಿಯಬೇಕು. ಕಡಿದಾದ ಬರೆಯ ಅಂಚಿನಲ್ಲಂತೂ ಯಾವ ಕೊಳವೂ ಕೂಡದು. 2018ರ ಆಗಸ್ಟನ್ನು ಕಂಡ ಊರು ಇದು. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲಗಳಲ್ಲಿ ಬೆಟ್ಟ ಜರಿದು ಮನೆ, ತೋಟ, ರಸ್ತೆ ಎಲ್ಲ ಕೊಲ್ಲಿಗೆ ಸೇರಿದವು. ಮಳೆ ವಿಪರೀತವಾಗಿತ್ತು, ನಿಜ. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕಟ್ಟಡಕ್ಕೂ ರಸ್ತೆಗೂ ಇಳಿಜಾರನ್ನು ಮನಬಂದಂತೆ ಕಡಿದದ್ದರ ಕಡೆಗೂ ಬೆರಳು ತೋರಿಸಿತು. ಇಷ್ಟಾದ ಮೇಲೂ ಕಣಿವೆಗೆ ಮುಖ ಮಾಡಿ, ಬರೆ ಕಡಿದು, ಕಾಂಕ್ರೀಟ್ ಸುರಿದು, ಅಂಚಿನಲ್ಲಿ ನೀರು ಆಕಾಶಕ್ಕೆ ಸೇರಿದಂತೆ ಕಾಣುವ ‘ಇನ್ಫಿನಿಟಿ ಪೂಲ್’ ಕಟ್ಟುತ್ತಲೇ ಇದ್ದೇವೆ! ಅಂಥ ಕೊಳದಲ್ಲಿ ಕಣ್ಣಿಗೆ ಕಾಣದ ಒಂದು ಬಿರುಕು ಬಿದ್ದರೆ ನೀರು ಇಳಿಯುವುದು ಬೆಟ್ಟದ ಹೊಟ್ಟೆಯೊಳಕ್ಕೆ. ಕೆಳಗೆ ಮನೆ ಇರುವವರು ಯಾರು ಎಂದು ಕಟ್ಟಿಸುವವರು ಕೇಳಿಕೊಳ್ಳುವುದಿಲ್ಲ. ನನಗೆ ಇದು ಸಹಿಸಲಾಗದ ಉದ್ಧಟತನ. ನೆಲದ ಮೇಲಿನ ಕೊಳ ಸೋರಿದರೆ ಅಂಗಳ ಒದ್ದೆಯಾಗಿ ಆ ದಿನವೇ ಗೊತ್ತಾಗುತ್ತದೆ. ಮೇ ಕೊನೆಗೆ ಖಾಲಿ ಮಾಡಿ, ಒಣಗಿಸಿ, ಮಡಚಿ ಅಟ್ಟಕ್ಕೆ ಹಾಕಬಹುದು. ಮುಂಗಾರಿಗೆ ನೆಲ ಮೊದಲಿನಂತೆ ಬಿಡುವಾಗಿರುತ್ತದೆ. ಗುಡ್ಡಗಾಡಿಗೆ ನಾನು ಅದನ್ನು ಒಪ್ಪುವುದಕ್ಕೆ ಇದೇ ದೊಡ್ಡ ಕಾರಣ.

ನೀರನ್ನು ಕಾಯುವ ಕೆಲಸ ಕಷ್ಟದ್ದಲ್ಲ, ಆದರೆ ತಪ್ಪಿಸುವಂತಿಲ್ಲ. ಸಿಲ್ವರ್ ಓಕಿನ ಎಲೆ ದಿನವೂ ಬೀಳುತ್ತದೆ. ಕೊಳೆಯುವ ಮೊದಲೇ ಬಲೆಯಲ್ಲಿ ಎತ್ತಬೇಕು, ಇಲ್ಲದಿದ್ದರೆ ಹಾಕಿದ ಕ್ಲೋರಿನ್ ಎಲ್ಲ ಅದಕ್ಕೇ ಖರ್ಚು. ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಪಿಎಚ್ 7.2ರಿಂದ 7.8ರೊಳಗೆ ಇರಬೇಕು. ಎರಡನ್ನೂ ನೋಡುವ ಪಟ್ಟಿ ಸಿಗುತ್ತದೆ. ಬಿಸಿಲು ಕ್ಲೋರಿನ್ನನ್ನು ತಿನ್ನುವುದರಿಂದ ಹಾಕುವುದು ಸಂಜೆಗೆ. ಬ್ಲೀಚಿಂಗ್ ಪುಡಿಯನ್ನು ನೇರವಾಗಿ ಸುರಿಯದೆ ಬಕೆಟಿನ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಬೇಕು. ಅದರ ಜತೆಗೆ ಯಾವ ಆ್ಯಸಿಡನ್ನೂ ಎಂದಿಗೂ ಸೇರಿಸಬಾರದು. ಏಳುವ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ಜಂಬಿಟ್ಟಿಗೆ ಮಣ್ಣಿನ ನಮ್ಮ ಕಡೆ ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣ ಇದ್ದರೆ ಕ್ಲೋರಿನ್ ತಾಗಿದ ಕೂಡಲೇ ಕಂದು ಬಣ್ಣ ಏಳುತ್ತದೆ. ಗಾಬರಿಯಾಗಿ ಚೆಲ್ಲುವವರೇ ಹೆಚ್ಚು. ತಾಳಿಕೊಂಡರೆ ಅದು ತಳಕ್ಕೆ ಕೂರುತ್ತದೆ, ಫಿಲ್ಟರಿಗೆ ಸಿಗುತ್ತದೆ. ಫಿಲ್ಟರಿನ ಪಂಪಿಗೆ ಅರ್ತಿಂಗ್ ಇರಲಿ, ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯುವ ಟ್ರಿಪ್ ಸ್ವಿಚ್ಚೂ ಇರಲಿ.

ವಾರ ಕೈಬಿಟ್ಟರೆ ಕೊಳ ಸೊಳ್ಳೆಯ ತೊಟ್ಟಿಲಾಗುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಬೆಳೆಯಲು ಏಳರಿಂದ ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ಹಾಕುವ ನಿಯಮ ತಂದಿತು. ಒಂದು ಹಿತ್ತಲಿನಲ್ಲಿ ಹುಟ್ಟಿದ ಸೊಳ್ಳೆ ಬೇಲಿ ನೋಡಿ ನಿಲ್ಲುವುದಿಲ್ಲ. ನಿಂತ ನೀರು ಇಟ್ಟವನ ಸ್ವಂತ ವಿಚಾರ ಎನ್ನುವ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ಈ ಊರಿಗೆ ನಿಂತ ನೀರನ್ನು ಕಾಯುವುದು ಹೊಸ ವಿದ್ಯೆಯೂ ಅಲ್ಲ. 1820ರಲ್ಲಿ ರಾಜ ಲಿಂಗರಾಜೇಂದ್ರ ಮಡಿಕೇರಿಯಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದ ಮುಂದಿನ ಕೆರೆಯನ್ನು ನೋಡಿ. ಸುತ್ತ ಕಟ್ಟೆ, ನಡುವೆ ಮಂಟಪ, ಅಲ್ಲಿಗೆ ಹೋಗಲು ದಾರಿ, ನೀರಿನಲ್ಲಿ ಮೀನು. ಮೀನಿಗೆ ಮಂಡಕ್ಕಿ ಎಸೆಯುವ ಮಕ್ಕಳಿಗೆ ಅದು ಆಟ. ಸೊಳ್ಳೆಯ ಮರಿಗಳನ್ನು ತಿನ್ನುವ ಮೀನು ಇರುವುದರಿಂದ ಊರಿಗೂ ಉಪಕಾರ. ಇನ್ನೂರು ವರ್ಷದಿಂದ ಆ ನೀರು ಪೇಟೆಯ ನಡುವೆ ಇದೆ ಎಂದರೆ ಹೂಳೆತ್ತಿದವರು, ಕಟ್ಟೆ ರಿಪೇರಿ ಮಾಡಿದವರು, ಕಸ ತೆಗೆದವರು ತಲೆತಲಾಂತರದಿಂದ ಇದ್ದಾರೆ ಎಂದೇ ಅರ್ಥ. ಕಟ್ಟಿಸಿದ ರಾಜನ ಹೆಸರು ಶಾಸನಕ್ಕೆ ಬಂತು, ಇವರದು ಬರಲಿಲ್ಲ.

ಫೋಟೋಕ್ಕಾಗಿ ಕೊಳ ತಂದು ತಿಂಗಳಿಗೆ ಬೇಜಾರಾಗಿ ಬೇಲಿಗೆ ಒರಗಿಸುವವರ ಜೊತೆ ನನಗೆ ವಾದವೇ ಇಲ್ಲ.

ವಾದ ಇರುವುದು ಬೇರೆಯವರ ಜೊತೆ. ಹಿರಿಯರೊಬ್ಬರು ಕೇಳುತ್ತಾರೆ: ನಾವು ಹೊಳೆಯಲ್ಲೇ ಈಜು ಕಲಿತವರಲ್ಲವೇ, ಪ್ಲಾಸ್ಟಿಕ್ ತೊಟ್ಟಿಯಲ್ಲಿ ಏನು ಕಲಿತಾರು? ಈ ಮಾತಿನಲ್ಲಿ ತೂಕವಿದೆ. ಹರಿಯುವ ನೀರಿನ ಸೆಳೆತವನ್ನು ತೊಟ್ಟಿ ಕಲಿಸುವುದಿಲ್ಲ. ಆದರೆ ಅವರು ಹೊಳೆಗಿಳಿದಾಗ ದಡದಲ್ಲಿ ಚಿಕ್ಕಪ್ಪನೋ ಅಣ್ಣನೋ ಇರುತ್ತಿದ್ದರು. ಎಲ್ಲಿ ಸುಳಿ, ಎಲ್ಲಿ ಬಂಡೆ ಎಂಬುದು ಅವರಿಗೆ ಗೊತ್ತಿತ್ತು. ಆ ಅಣ್ಣಂದಿರು ಈಗ ಬೆಂಗಳೂರಲ್ಲಿದ್ದಾರೆ. ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗ ಲೆಕ್ಕ ಕೊಟ್ಟಿದೆ. ಮುಖ ಮುಳುಗಿದಾಗ ಉಸಿರು ಹಿಡಿಯುವುದು, ಬೆನ್ನ ಮೇಲೆ ತೇಲುವುದು, ಹೆದರದಿರುವುದು, ಈ ಮೂರನ್ನು ಎರಡಡಿ ನೀರಿನಲ್ಲಿ ಕಲಿಸಬಹುದು. ದೊಡ್ಡವರೊಬ್ಬರು ಕೈಗೆ ಮೊಬೈಲು ಹಿಡಿಯದೆ ಪಕ್ಕದಲ್ಲೇ ಇರಬೇಕು, ಆಟ ಮುಗಿದ ಮೇಲೆ ಏಣಿ ತೆಗೆದಿಡಬೇಕು. ಪುಟ್ಟ ಮಗು ಎರಡಡಿಯಲ್ಲೂ ಸದ್ದಿಲ್ಲದೆ ಮುಳುಗುತ್ತದೆ. ತಾಲ್ಲೂಕಿಗೊಂದು ಒಳ್ಳೆಯ ಸಾರ್ವಜನಿಕ ಈಜುಕೊಳ ಇದಕ್ಕಿಂತ ಮೇಲು ಎಂಬವರ ಮಾತನ್ನೂ ಪೂರ್ತಿ ಒಪ್ಪುತ್ತೇನೆ. ಒಂದು ಫಿಲ್ಟರು, ಒಬ್ಬ ತರಬೇತುದಾರ, ನೂರಾರು ಮಕ್ಕಳು. ಅದು ಆಗುವ ತನಕ ಹುಟ್ಟಿದ ಮಕ್ಕಳು ಕಾಯುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ತೋಟದ ಕೆಲಸಗಾರರ ಲೈನ್‌ಮನೆಯಿಂದ ಬರುತ್ತದೆ. ತೋಟದ ಕೆಲಸಕ್ಕೆ ಬರುವ ಹೆಂಗಸು ಏಪ್ರಿಲ್ ಬಿಸಿಲಲ್ಲಿ ಬಿಂದಿಗೆ ಹೊತ್ತು ಏರು ಹತ್ತುವಾಗ, ಅದೇ ತೋಟದ ಬಂಗಲೆಯ ಹಿತ್ತಲಲ್ಲಿ ಆರು ಸಾವಿರ ಲೀಟರ್ ನೀರು ಆಟಕ್ಕೆಂದು ನಿಂತಿರುವುದು ಸರಿಯೇ? ಮಾಡಿನ ಮಳೆ ಹಿಡಿದದ್ದು, ಬಾವಿಯದಲ್ಲ ಎನ್ನುವ ಉತ್ತರ ನನ್ನಲ್ಲಿದೆ. ಅದು ಆಕೆಗೆ ಹೇಳಬಹುದಾದ ಉತ್ತರವಲ್ಲ. ಕೊಳಕ್ಕೆ ಪೈಪು ಎಳೆಯುವ ಮೊದಲು ಲೈನಿನ ನಲ್ಲಿಗೆ ಪೈಪು ಎಳೆದಿರಬೇಕು. ಮೇ ತಿಂಗಳಲ್ಲಿ ಕ್ಲೋರಿನ್ ಪೂರ್ತಿ ಇಳಿಯುವ ತನಕ ನಾಲ್ಕಾರು ದಿನ ಬಿಸಿಲಿಗೆ ಬಿಟ್ಟ ನೀರು ತೋಡಿಗೆ ಹೋಗದೆ ಅವರ ಬಾಳೆ, ಬಸಳೆಯ ಬುಡಕ್ಕೂ ಹರಿಯಬೇಕು. ರಜೆಯಲ್ಲಿ ಹಾರಂಗಿ ಹಿನ್ನೀರಿಗೂ ಹೊಳೆಯ ಗುಂಡಿಗೂ ಕದ್ದು ಇಳಿಯುವ ಮಕ್ಕಳಲ್ಲಿ ಲೈನಿನ ಮಕ್ಕಳೂ ಇದ್ದಾರೆ. ಈಜು ಎಲ್ಲರಿಗಿಂತ ಮೊದಲು ಬೇಕಾದದ್ದು ಅವರಿಗೆ. ಏಣಿ ಇಳಿಸುವ ಹೊತ್ತಿಗೆ ಅವರನ್ನೂ ಕರೆಯುವ ಮನೆಯ ಕೊಳವನ್ನು ನಾನು ಯಾರ ಮುಂದೆ ಬೇಕಾದರೂ ಸಮರ್ಥಿಸುತ್ತೇನೆ. ಕರೆಯದ ಮನೆಯ ವಿಷಯದಲ್ಲಿ ಆಕ್ಷೇಪ ಎತ್ತಿದವರ ಮಾತೇ ನಿಲ್ಲುತ್ತದೆ, ಅದಕ್ಕೆ ನನ್ನ ಬಳಿ ಎದುರುಮಾತಿಲ್ಲ.